ರಫ್ ಹಾಳೆ ಬಿಸಾಡಬೇಡಿ: ಅಮೆರಿಕದ ಶಾಲೆಯಲ್ಲಿ ಲೈಬ್ರರಿ ಮೇಡಂ ಏನು ನೋಡುತ್ತಾರೆ

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಫೋನ್ ಬಂತು. ಗಂಗಾವತಿಯವರು. ಟೆಕ್ಸಾಸ್ ರಾಜ್ಯದ ಡಲ್ಲಾಸ್ ಕಡೆಗೆ ಬಂದು ಎಂಟು ತಿಂಗಳಾಗಿದೆ. ಮಾತಿನಲ್ಲಿ ಸಿಟ್ಟಿತ್ತು.

"ಅಣ್ಣಾರ, ಹುಡುಗನ ಪ್ರಾಜೆಕ್ಟಿಗೆ ಲೈಬ್ರರಿ ಮೇಡಂ ಮಾರ್ಕ್ಸ್ ಕಡಿಮಿ ಮಾಡ್ಯಾರ. ಪುಸ್ತಕ ಕೊಡೋ ಮೇಡಂಗೆ ಮಾರ್ಕ್ಸ್ ಹಾಕೋ ಅಧಿಕಾರ ಯಾರು ಕೊಟ್ರು?"

ನಾನು ಕೇಳಿದ್ದು ಒಂದೇ ಮಾತು. "ರಫ್ ಹಾಳಿ ಎಲ್ಲಿ ಅದಾವು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಫೇರ್ ಮಾಡಿಸಿದ ಮ್ಯಾಲೆ ಅವು ಯಾಕ್ರೀ? ರಿಸೈಕಲ್ ಡಬ್ಬಿಗೆ ಹಾಕೀವಿ."

ನಾಲ್ಕು ವರ್ಷದ ಹಿಂದೆ ನಾನೂ ಇದೇ ಕೆಲಸ ಮಾಡಿ 1,400 ಡಾಲರ್ ಕಳೆದುಕೊಂಡಿದ್ದೆ. ನನ್ನ ನಂತರ ಬಂದವರಲ್ಲಿ ಕಡಿಮೆ ಅಂದರೂ ಐದು ಮನೆಯವರು ಅದೇ ಗುಂಡಿಗೆ ಬಿದ್ದಿದ್ದನ್ನು ನೋಡಿದ್ದೇನೆ. ಬಳ್ಳಾರಿಯವರು ಇಬ್ಬರು, ಸಿಂಧನೂರಿನವರು ಒಬ್ಬರು, ಹೀಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಲೆಗೆ ಸೇರಿಸೋದು, ಲಸಿಕೆ ಪತ್ರ, ವಿಳಾಸಕ್ಕೆ ಕರೆಂಟ್ ಬಿಲ್ಲು, ಬಸ್ಸು, ಊಟದ ಡಬ್ಬಿ, ಇವನ್ನೆಲ್ಲ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ಬಿಡೋಣ.

ಮೊದಲು ನಮ್ಮ ತಲೆಯಲ್ಲಿರುವ ಲೈಬ್ರರಿಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ನಾನು ಓದಿದ್ದು ಲಿಂಗಸುಗೂರು ಕಡೆ. ನಮ್ಮ ಶಾಲೆಯ ಲೈಬ್ರರಿ ಅಂದರೆ ಹೆಡ್ ಮಾಸ್ತರ ಕೋಣೆಯ ಒಂದು ಕಬ್ಬಿಣದ ಅಲ್ಮಾರಿ. ಕೀಲಿ ಪಿಟಿ ಮಾಸ್ತರ ಹತ್ತಿರ. ವರ್ಷಕ್ಕೆ ಎರಡು ಸಲ ತೆಗೆಯುತ್ತಿದ್ದರು, ಧೂಳು ಹೊಡೆಯಲು ಒಂದು ಸಲ, ಇನ್ಸ್‌ಪೆಕ್ಷನ್‌ಗೆ ಒಂದು ಸಲ. ಅಲ್ಲಿ ಮಾರ್ಕ್ಸಿನ ಮಾತೇ ಇರಲಿಲ್ಲ.

ಇಲ್ಲಿ ಹಾಗಲ್ಲ. ಟೆಕ್ಸಾಸ್‌ನಲ್ಲಿ ಸ್ಕೂಲ್ ಲೈಬ್ರರಿಯನ್ ಸರ್ಟಿಫಿಕೇಟ್ ಬೇಕಾದರೆ ಮಾಸ್ಟರ್ಸ್ ಡಿಗ್ರಿ ಇರಬೇಕು, ಎರಡು ವರ್ಷ ಕ್ಲಾಸಿನಲ್ಲಿ ಪಾಠ ಮಾಡಿರಬೇಕು, ಮೇಲೆ ಒಂದು ಪರೀಕ್ಷೆ ಪಾಸಾಗಬೇಕು. ಅಂದರೆ ನೀವು "ಪುಸ್ತಕ ಕೊಡೋ ಮೇಡಂ" ಅಂದುಕೊಂಡವರು ಟೀಚರೇ. ಅವರಿಗೂ ಒಂದು ಸಿಲಬಸ್ ಇದೆ. ಅಮೆರಿಕದ ಶಾಲಾ ಲೈಬ್ರರಿಯನ್‌ಗಳ ಸಂಘ ಎಎಎಸ್‌ಎಲ್ 2017ರ ಕೊನೆಗೆ ಹೊಸ ಮಾನದಂಡಗಳನ್ನು ತಂದಿತು. ಅದರಲ್ಲಿ ಆರು ವಿಷಯ ಇವೆ. ಪ್ರಶ್ನೆ ಕೇಳುವುದು, ಎಲ್ಲರ ಮಾತಿಗೂ ಜಾಗ ಕೊಡುವುದು, ಕೂಡಿ ಕೆಲಸ ಮಾಡುವುದು, ಸಿಕ್ಕಿದ್ದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು, ಹೊಸದನ್ನು ಹುಡುಕುವುದು, ಸಿಕ್ಕ ಮಾಹಿತಿಯನ್ನು ಪ್ರಾಮಾಣಿಕವಾಗಿ ಬಳಸುವುದು. ಇದರಲ್ಲಿ ಎಲ್ಲೂ "ಬಾಯಿಪಾಠ" ಇಲ್ಲ ನೋಡಿ.

ನಡೆಯುವುದು ಹೀಗೆ. ಸೋಷಿಯಲ್ ಸ್ಟಡೀಸ್ ಅಥವಾ ಇಂಗ್ಲಿಷ್ ಟೀಚರ್ ಒಂದು ಸಂಶೋಧನೆ ಪ್ರಾಜೆಕ್ಟ್ ಕೊಡುತ್ತಾರೆ. ಅದನ್ನು ಲೈಬ್ರರಿ ಮೇಡಂ ಜೊತೆ ಕೂತೇ ರೂಪಿಸಿರುತ್ತಾರೆ. ಮಕ್ಕಳು ಕೆಲವು ಪೀರಿಯಡ್ ಲೈಬ್ರರಿಗೆ ಹೋಗುತ್ತಾರೆ. ಅಲ್ಲಿ ಮೇಡಂ ಒಂದೊಂದು ಟೇಬಲ್ಲಿಗೆ ಬಂದು ಎರಡು ನಿಮಿಷ ಕೂತು ಮಾತಾಡುತ್ತಾರೆ. "ನಿನ್ನ ಪ್ರಶ್ನೆ ಏನು? ಇದು ಎಲ್ಲಿ ಸಿಕ್ತು? ಈ ವೆಬ್‌ಸೈಟ್ ಬರೆದವರು ಯಾರು?" ನಮಗೆ ಇದು ಹರಟೆ ಅನಿಸುತ್ತದೆ. ಅದೇ ಪರೀಕ್ಷೆ. ಕೈಯಲ್ಲಿ ಒಂದು ಹಾಳೆ ಇರುತ್ತದೆ, ಅದಕ್ಕೆ ರುಬ್ರಿಕ್ ಅನ್ನುತ್ತಾರೆ. ಯಾವುದಕ್ಕೆ ಎಷ್ಟು ಮಾರ್ಕ್ಸ್, ಏನಿದ್ದರೆ ಪೂರ್ತಿ, ಏನಿಲ್ಲದಿದ್ದರೆ ಅರ್ಧ ಅಂತ ಅದರಲ್ಲೇ ಬರೆದಿರುತ್ತದೆ. ಪೀರಿಯಡ್ ಮುಗಿಯುವಾಗ ಒಂದು ಚೀಟಿ ಬರೆಸಿಕೊಳ್ಳುತ್ತಾರೆ, ಇವತ್ತು ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ ಅಂತ. ಅದನ್ನೂ ಓದುತ್ತಾರೆ.

ಬಹಳ ಕಡೆ ಕಡೆಯ ಗ್ರೇಡ್ ಹಾಕುವುದು ಕ್ಲಾಸ್ ಟೀಚರೇ. ಆದರೆ ಹುಡುಕಾಟದ ಭಾಗಕ್ಕೆ ರುಬ್ರಿಕ್ ತುಂಬಿ ಕೊಡುವುದು ಲೈಬ್ರರಿ ಮೇಡಂ. ಎಲ್ಲ ಶಾಲೆಯಲ್ಲೂ ಹೀಗೇ ಅಂತ ಇಲ್ಲ. ಊರಿಗೊಂದು ಥರ. ಕೆಲವು ಕಡೆ ಲೈಬ್ರರಿಯನ್ನೇ ಇರುವುದಿಲ್ಲ, ಪುಸ್ತಕ ಜೋಡಿಸುವ ಸಹಾಯಕರು ಮಾತ್ರ.

ಈಗ ನನ್ನ ಕಥೆ.

ಮಗಳು ಆಗ ಆರನೇ ಕ್ಲಾಸು. ನಿಮ್ಮ ಮನೆತನ ಬಂದ ಊರಿನ ಹತ್ತಿರದ ಒಂದು ಹಳೆಯ ವಸ್ತುವಿನ ಬಗ್ಗೆ ಬರೆಯಿರಿ ಅಂತ ಪ್ರಾಜೆಕ್ಟ್. ನಾಲ್ಕು ವಾರ ಟೈಮು. ಅವಳು ಮಸ್ಕಿ ಶಾಸನ ಆರಿಸಿಕೊಂಡಳು. ನನಗೆ ಹಿಗ್ಗೋ ಹಿಗ್ಗು. ನಮ್ಮ ರಾಯಚೂರು ಜಿಲ್ಲೆ ಅಲ್ವಾ! 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ. ಬೇರೆ ಶಾಸನಗಳಲ್ಲಿ ಬರುವ "ದೇವಾನಂಪ್ರಿಯ" ಅನ್ನೋ ಬಿರುದು ಅಶೋಕನದೇ ಅಂತ ಗಟ್ಟಿಯಾಗಿದ್ದು ಅಲ್ಲಿಂದ. ಊಟಕ್ಕೆ ಕೂತಾಗೆಲ್ಲ ನಾನು ಹೇಳಿದ್ದೇ ಹೇಳಿದ್ದು. "ಅಶೋಕನ ಹೆಸರು ಇರೋ ಏಕೈಕ ಶಾಸನ, ಬರ್ಕೋ."

ಪಾಪ, ಅವಳು ಹದಿನಾಲ್ಕು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದಳು. ಬಾಣದ ಗುರುತು, ಹೊಡೆದು ಹಾಕಿದ ಸಾಲು, ಅರ್ಧ ಇಂಗ್ಲಿಷ್, ಅಲ್ಲಲ್ಲಿ ಕನ್ನಡ. ಒಂದರ ಮೇಲೆ "ಬ್ರಾಹ್ಮಿ ಲಿಪಿ ಓದೋರು ಈಗ ಯಾರಿದ್ದಾರೆ?" ಅಂತ ಪ್ರಶ್ನೆ. ನನ್ನ ಕಣ್ಣಿಗೆ ಅದು ಕಸ. ನಾವು ಬೆಳೆದದ್ದೇ ಹಾಗೆ. ರಫ್ ನೋಟ್‌ಬುಕ್ ಮನೆಯಲ್ಲಿ, ಫೇರ್ ನೋಟ್‌ಬುಕ್ ಮಾಸ್ತರ ಟೇಬಲ್ ಮೇಲೆ. ರಫ್ ತೋರಿಸಿದರೆ ಬೆತ್ತದ ಏಟು. ಶನಿವಾರ ರಾತ್ರಿ ಅವಳು ಮಲಗಿದ ಮೇಲೆ ಕಾರ್ಡ್ ಬಿಸಾಕಿದೆ. ಅವಳ ಗೂಗಲ್ ಡಾಕ್ ತೆಗೆದು ಇಂಗ್ಲಿಷ್ ನೆಟ್ಟಗೆ ಮಾಡಿದೆ. ಮರುದಿನ ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗು, 23 ಡಾಲರ್.

ಬಂದಿದ್ದು ನೂರಕ್ಕೆ 42.

ಆ ಚಂದದ ಪುಸ್ತಕಕ್ಕೆ ಇದ್ದಿದ್ದೇ 20 ಮಾರ್ಕ್ಸ್. ಅದರಲ್ಲಿ 18 ಸಿಕ್ಕಿತ್ತು. ಪ್ರಶ್ನೆಗೆ 20, ನೋಟ್ಸ್ ಕಾರ್ಡಿಗೆ 25, ಮಾಹಿತಿ ಎಲ್ಲೆಲ್ಲಿಂದ ಬಂತು ಅನ್ನೋ ಸೋರ್ಸ್ ಪಟ್ಟಿಗೆ 25, "ನಾನು ಏನು ಕಲಿತೆ" ಅನ್ನೋದಕ್ಕೆ 10. ನೋಟ್ಸ್‌ನಲ್ಲಿ ಸೊನ್ನೆ. ಕೆಳಗೆ ಒಂದು ಸಾಲು ಷರಾ, ಈ ವಿಚಾರಗಳು ಎಲ್ಲಿಂದ ಬಂದವು ಅಂತ ತಿಳಿಯುತ್ತಿಲ್ಲ ಅಂತ.

ನಾನು ಆ ಷರಾವನ್ನು ಓದಿದ ರೀತಿಯೇ ಬೇರೆ. ಮಗಳ ಇಂಗ್ಲಿಷ್ ವೀಕು, ಹೇಳೋದು ಅವರಿಗೆ ತಿಳಿಯುತ್ತಿಲ್ಲ ಅಂದುಕೊಂಡೆ. ಒಂದು ಟ್ಯೂಷನ್ ಸೆಂಟರಿಗೆ ಹಾಕಿದೆ. ವಾರಕ್ಕೆ ಎರಡು ಕ್ಲಾಸು, ಮೂರು ತಿಂಗಳು. ಅದೇ 1,400 ಡಾಲರ್. ಮುಂದಿನ ಪ್ರಾಜೆಕ್ಟಿಗೆ ಬಂದಿದ್ದು 51. ಅದನ್ನೂ ನಾನೇ ಫೇರ್ ಮಾಡಿಸಿದ್ದೆ, ಬುದ್ಧಿ ಬಂದಿರಲಿಲ್ಲ.

ಆಗ ನಮ್ಮ ಮನೆಯವರು ಹೇಳಿದರು, "ಮಾರ್ಕ್ಸ್ ಕಡಿಮಿ ಮಾಡಿದವರನ್ನ ಬಿಟ್ಟು ಊರವರನ್ನೆಲ್ಲಾ ಕೇಳ್ತೀರಿ. ಅವರನ್ನೇ ಹೋಗಿ ಕೇಳ್ರಿ." ಲೈಬ್ರರಿ ಮೇಡಂಗೆ ಮೇಲ್ ಹಾಕಿದೆ. ಎರಡೇ ದಿನಕ್ಕೆ ಟೈಮ್ ಕೊಟ್ಟರು. ಇಪ್ಪತ್ತು ನಿಮಿಷ. ಒಂದು ಪೈಸೆ ಖರ್ಚಿಲ್ಲ.

ಮೇಡಂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಗೂಗಲ್ ಡಾಕ್‌ನಲ್ಲಿ ವರ್ಷನ್ ಹಿಸ್ಟರಿ ಅಂತ ಒಂದಿದೆ. ಯಾವ ಸಾಲು ಯಾವಾಗ ಬಂತು ಅನ್ನೋದು ಅದರಲ್ಲಿ ಉಳಿಯುತ್ತದೆ. ಶನಿವಾರ ರಾತ್ರಿ 11:40ಕ್ಕೆ ನಾಲ್ಕು ಪ್ಯಾರಾ ಒಮ್ಮೆಲೇ ಬಂದು ಕೂತಿದ್ದವು. "ನಿಮ್ಮ ಮಗಳು ಇಷ್ಟು ಹೊತ್ತಿನ ತನಕ ಎಚ್ಚರ ಇರ್ತಾಳಾ?" ಅಂತ ಮೆಲ್ಲಗೆ ಕೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. "ಏಕೈಕ ಅಂತ ಬರೆದಿದ್ದಾಳೆ. ಯಾರು ಹೇಳಿದ್ದು ಅಂತ ಕೇಳಿದೆ. ಅಪ್ಪ ಅಂದಳು. ಅಪ್ಪನೂ ಒಂದು ಸೋರ್ಸೇ, ತಪ್ಪಿಲ್ಲ. ಸಂದರ್ಶನ ಅಂತ ತಾರೀಖು ಹಾಕಿ ಬರಿ, ಆದರೆ ಇನ್ನೊಂದು ಕಡೆ ತಾಳೆ ನೋಡು ಅಂತ ಹೇಳಿದ್ದೆ. ತಾಳೆ ನೋಡಿದ ಕಾರ್ಡು ನನಗೆ ಬರಲೇ ಇಲ್ಲ."

ಆ ಕಾರ್ಡನ್ನು ಅವಳು ಬರೆದಿದ್ದಳು. ನಾನು ಬಿಸಾಕಿದ್ದರಲ್ಲಿ ಇತ್ತು. ಮನೆಗೆ ಬಂದು ಮಗಳನ್ನು ಕೇಳಿದೆ. ಏಕೈಕ ಅಲ್ಲ ಅಪ್ಪ, ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇದೆ ಅಂದಳು. ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ. ನಾನು ಹುಟ್ಟಿ ಬೆಳೆದ ಸೀಮೆ. ನನಗೇ ಗೊತ್ತಿಲ್ಲ. ಮೊದಲು ಸಿಕ್ಕಿದ್ದು ಮಸ್ಕಿಯದು, ಅಷ್ಟು ನಿಜ. "ಮತ್ಯಾಕ ಏಕೈಕ ಅಂತ ಬಿಟ್ಟಿ?" ಅಂದೆ. "ನಾನು ತೆಗ್ದಿದ್ದೆ. ನೀವು ವಾಪಸ್ ಹಾಕಿದ್ದೀರಿ," ಅಂದಳು.

ಇಲ್ಲಿ ಹೊಸಬರಿಗೆ ಜೋರಾಗಿಯೇ ಹೇಳುತ್ತೇನೆ. ರಫ್ ಹಾಳೆ, ಕಾರ್ಡು, ಚೀಟಿ, ಹೊಡೆದು ಹಾಕಿದ ಸಾಲು, ಯಾವುದನ್ನೂ ಬಿಸಾಡಬೇಡಿ. ಫೇರ್ ಮಾಡಿಸಬೇಡಿ. ಮಗುವಿನ ಡಾಕ್ ಒಳಗೆ ನೀವು ಕೈ ಹಾಕಬೇಡಿ, ಕಾಗುಣಿತದ ತಪ್ಪು ಕಂಡರೂ ಸರಿ. ಬಾಯಲ್ಲಿ ಹೇಳಿ, ಅವರೇ ತಿದ್ದಲಿ. ಎಐ ಕೇಳಿ ಬರೆಸಿದರೂ ಇದೇ ಗತಿ. ಸಾಲು ಎಷ್ಟೇ ಚಂದ ಇರಲಿ, ಟೇಬಲ್ ಪಕ್ಕ ಕೂತು "ಇದು ಎಲ್ಲಿ ಸಿಕ್ತು?" ಅಂದ ಕೂಡಲೇ ಮಗು ಬಾಯಿ ಬಿಡುತ್ತದೆ. ಇನ್ನೊಬ್ಬರ ಮಾತನ್ನು ತನ್ನದು ಅಂತ ಬರೆದರೆ ಇಲ್ಲಿ ಅದಕ್ಕೆ ಕಳ್ಳತನ ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಅದು ಬರೀ ಮಾರ್ಕ್ಸಿಗೆ ನಿಲ್ಲುವುದಿಲ್ಲ, ಪ್ರಿನ್ಸಿಪಾಲರ ತನಕ ಹೋಗಬಹುದು.

ಉಳಿದವು ಸಣ್ಣ ಪುಟ್ಟವು. ಟೆಕ್ಸಾಸ್‌ನಲ್ಲಿ "ಸ್ಟಾರ್" ಎರಡಿವೆ. ಒಂದು ರಾಜ್ಯದ ಪರೀಕ್ಷೆ, ಸ್ಪೆಲ್ಲಿಂಗಿನಲ್ಲಿ ಎ ಎರಡು ಸಲ ಬರುತ್ತದೆ. ಇನ್ನೊಂದು ರಿನೈಸೆನ್ಸ್ ಕಂಪನಿಯ ಓದಿನ ಪರೀಕ್ಷೆ, ಅದರಲ್ಲಿ ಎ ಒಂದೇ. ಕಿವಿಗೆ ಎರಡೂ ಒಂದೇ. ಮಗು "ಸ್ಟಾರ್‌ನಲ್ಲಿ ಕಡಿಮೆ ಬಂತು" ಅಂದರೆ ಗಾಬರಿ ಬೀಳುವ ಮೊದಲು ಯಾವ ಸ್ಟಾರ್ ಅಂತ ಕೇಳಿ. ಲೆಕ್ಸೈಲ್ ಅಂತ ಇನ್ನೊಂದು ನಂಬರ್ ಬರುತ್ತದೆ, 850 ಎಲ್, 920 ಎಲ್ ಅಂತ. ಪುಸ್ತಕಕ್ಕೆ ಹಾಕಿದರೆ ಅದರ ಭಾಷೆ ಎಷ್ಟು ಕಷ್ಟ ಅನ್ನೋದನ್ನು, ಮಗುವಿಗೆ ಹಾಕಿದರೆ ಎಷ್ಟು ಕಷ್ಟದ್ದು ಓದಬಲ್ಲದು ಅನ್ನೋದನ್ನು ಹೇಳುತ್ತದೆ, ಒಳಗಿರುವ ವಿಷಯ ಮಗುವಿನ ವಯಸ್ಸಿಗೆ ಸರಿಯೋ ಅಂತ ಹೇಳುವುದಿಲ್ಲ. ನಮ್ಮವರು ಪಾರ್ಟಿಗಳಲ್ಲಿ ಈ ನಂಬರನ್ನು ಸಿಇಟಿ ರ‍್ಯಾಂಕ್ ಥರ ಹೇಳಿಕೊಳ್ಳುತ್ತಾರೆ. ಲೈಬ್ರರಿ ಮೇಡಂಗಳಿಗೆ ಇದನ್ನು ಕಂಡರೆ ಆಗುವುದಿಲ್ಲ. ಪುಸ್ತಕದ ಬೆನ್ನಿಗೆ ಲೆವೆಲ್ ಚೀಟಿ ಅಂಟಿಸುವುದು ಬೇಡ ಅಂತ ಅವರ ಸಂಘವೇ ಹೇಳಿದೆ. ಇನ್ನೊಂದು, ಬ್ರಿಟಾನಿಕಾ, ಗೇಲ್ ಥರದ ಆನ್‌ಲೈನ್ ಮಾಹಿತಿ ಕೋಶಗಳಿಗೆ ದುಡ್ಡು ಕೊಟ್ಟು ಸೇರುವ ಮೊದಲು ಶಾಲೆಯ ಲೈಬ್ರರಿಯಲ್ಲಿ ಪಾಸ್‌ವರ್ಡ್ ಕೇಳಿ. ಟೆಕ್ಸ್‌ಕ್ವೆಸ್ಟ್ ಅನ್ನುವ ರಾಜ್ಯದ ಯೋಜನೆಯಲ್ಲಿ ಇಂಥವು ಎಷ್ಟೋ ಶಾಲೆಗಳಿಗೆ ಸಿಗುತ್ತವೆ. ಮನೆಯಿಂದಲೂ ತೆಗೆಯಬಹುದು.

ಯಾವ ಪದ್ಧತಿ ಒಳ್ಳೇದು ಅಂತ ಕೇಳುತ್ತೀರಲ್ಲ, ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನೆನಪು, ಲೆಕ್ಕ, ಕೂತು ಓದುವ ಶಿಸ್ತು, ಇದರಲ್ಲಿ ನಮ್ಮದೇ ಮೇಲು. ನನ್ನ ಮಗಳಿಗೆ ಹದಿನೇಳರ ಮಗ್ಗಿ ಇವತ್ತಿಗೂ ಬಾರದು. ಆದರೆ ಒಂದು ಮಾತು ನಿಜವೋ ಸುಳ್ಳೋ ಅಂತ ಹುಡುಕುವುದನ್ನು ನಮಗೆ ಯಾರೂ ಕಲಿಸಲಿಲ್ಲ. ನಮ್ಮಲ್ಲೂ ಕಾಗದದ ಮೇಲೆ ಎಲ್ಲ ಇದೆ. ಎಸ್‌ಎಸ್‌ಎಲ್‌ಸಿಯಲ್ಲೂ ಇಂಟರ್ನಲ್ ಮಾರ್ಕ್ಸ್ ಇವೆ, ಪ್ರಥಮ ಭಾಷೆಗೆ 25. ಕೊಪ್ಪಳದಲ್ಲಿ ಟೀಚರ್ ಆಗಿರುವ ನನ್ನ ತಂಗಿ ನಗುತ್ತಾಳೆ. "ಅಣ್ಣಾ, ಪ್ರಾಜೆಕ್ಟ್ ಮಾಡೋದು ಹುಡುಗರಲ್ಲ, ಡಿಟಿಪಿ ಅಂಗಡಿಯವ" ಅಂತ. ಹಾಗಂತ ಅಲ್ಲಿ ಏನೂ ಇಲ್ಲ ಅನ್ನಬೇಡಿ. 2020ರಲ್ಲಿ "ಓದುವ ಬೆಳಕು" ಅಂತ ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಮಕ್ಕಳನ್ನು ಕರೆದು ಉಚಿತವಾಗಿ ಸದಸ್ಯತ್ವ ಕೊಟ್ಟರು. ತಂಗಿಯ ಕ್ಲಾಸಿನ ಕೆಲವು ಹುಡುಗರು ಈಗಲೂ ಹೋಗುತ್ತಾರಂತೆ. ಅಲ್ಲಿನ ಲೈಬ್ರರಿಯನ್ನರಿಗೆ ಶಾಲೆಯ ಟೀಚರ್ ಜೊತೆ ಕೂತು ಒಂದು ಪ್ರಾಜೆಕ್ಟ್ ಮಾಡಿಸುವ ಅವಕಾಶ ಸಿಕ್ಕರೆ ಸಾಕು ಅಂತ ನನಗೆ ಅನಿಸುತ್ತದೆ. ಕಟ್ಟಡ ಆಮೇಲೆ ನೋಡೋಣ. ಅಮೆರಿಕವೂ ಸ್ವರ್ಗವಲ್ಲ. 2023ರಲ್ಲಿ ಹ್ಯೂಸ್ಟನ್ ಶಾಲಾ ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳ ಲೈಬ್ರರಿಯನ್ ಹುದ್ದೆಗಳನ್ನೇ ತೆಗೆದು ಹಾಕಿದರು. ಇಷ್ಟು ದುಡ್ಡಿದ್ದವರೂ ಮೊದಲು ಕೈ ಹಾಕಿದ್ದು ಲೈಬ್ರರಿಗೇ.

ಶಾಲೆ ಶುರುವಾದ ತಿಂಗಳೊಳಗೆ ಲೈಬ್ರರಿ ಮೇಡಂಗೆ ಒಂದು ಮೇಲ್ ಹಾಕಿ. ಈ ವರ್ಷ ಸಂಶೋಧನೆ ಪ್ರಾಜೆಕ್ಟ್ ಯಾವಾಗ, ರುಬ್ರಿಕ್ ಮುಂಚೆಯೇ ಸಿಗುತ್ತದೆಯಾ, ಮನೆಯಲ್ಲಿ ನಾವು ಎಷ್ಟು ಸಹಾಯ ಮಾಡಬಹುದು, ಈ ಮೂರು ಕೇಳಿದರೆ ಸಾಕು. ಕನ್ನಡದ ಪುಸ್ತಕ, ಊರಿನ ಅಜ್ಜನ ಫೋನ್ ಮಾತು ಸೋರ್ಸ್ ಆಗುತ್ತದೆಯಾ ಅಂತಲೂ ಕೇಳಿ. ನನ್ನ ಅನುಭವದಲ್ಲಿ ಅವರಿಗೆ ಅದು ಬಹಳ ಖುಷಿ. ಮೇಲಿನವರಿಗೆ ದೂರು ಬರೆಯುವ ಕೆಲಸ ಮಾತ್ರ ಮೊದಲು ಬೇಡ.

ಗಂಗಾವತಿಯವರ ಮನೆಗೆ ರಿಸೈಕಲ್ ಗಾಡಿ ಬರುವುದು ಮಂಗಳವಾರ. ಫೋನ್ ಇಟ್ಟ ಮೇಲೆ ಟಾರ್ಚ್ ಹಿಡಿದು ಡಬ್ಬಿ ತಡಕಾಡಿದರಂತೆ. ಒಂಬತ್ತು ಹಾಳೆ ಸಿಕ್ಕವು. ಎರಡರ ಮೇಲೆ ಶೇಂಗಾ ಚಟ್ನಿ ಕಲೆ. ಇಸ್ತ್ರಿ ಮಾಡಿ ಕಳಿಸಲಾ ಅಂತ ಕೇಳಿದರು. ಬೇಡ, ಹಂಗೇ ಕೊಡ್ರಿ ಅಂದೆ.