ಡೈನಾಸ್ಟಿ ವಾರಿಯರ್ಸ್: ಕತ್ತಿ ಎತ್ತೋಕೆ ಮುಂಚೆ ಮ್ಯಾಪ್ ನೋಡಿ (ನನ್ನ ಅನುಭವ)

ಯುದ್ಧ ಶುರುವಾದ ತಕ್ಷಣ ನಾನು ಮಾಡೋ ಮೊದಲ ಕೆಲಸ ಗೇಮ್ ಪಾಜ್ ಮಾಡೋದು. ಎದುರಿಗೆ ಶತ್ರು ಸೈನಿಕರು ಸಾಲಾಗಿ ನಿಂತಿರ್ತಾರೆ, ನುಗ್ಗಿಬಿಡೋಣ ಅಂತ ಕೈ ತುರಿಸುತ್ತೆ ನಿಜ, ಆದ್ರೂ ಮೊದಲು ಮ್ಯಾಪ್. ನೀಲಿ ಚುಕ್ಕೆ ನಮ್ಮವರು, ಕೆಂಪು ಚುಕ್ಕೆ ಅವರು, ಎಲ್ಲೆಲ್ಲಿ ಬೇಸ್ ಇದೆ, ಯಾವ ಗೇಟ್ ಮುಚ್ಚಿದೆ, ನಮ್ಮ ಕಡೆ ಯಾವ ಆಫೀಸರ್ (ಹೆಸರಿರೋ ಸೇನಾನಿ) ಒಬ್ಬನೇ ಮೂರು ಜನರ ಮಧ್ಯ ಸಿಕ್ಕಾಕ್ಕೊಂಡಿದಾನೆ, ಇಷ್ಟು ನೋಡ್ಕೊಂಡ್ರೆ ಮುಂದಿನ ಅರ್ಧ ಗಂಟೆ ಏನೇನಾಗುತ್ತೆ ಅನ್ನೋದು ಸುಮಾರಾಗಿ ಗೊತ್ತಾಗುತ್ತೆ. ಈ ಸೀರೀಸ್ ಬಗ್ಗೆ ಮಾತು ಬಂದಾಗೆಲ್ಲ ಜನ "ಒಂದೇ ಬಟನ್ ಒತ್ತಿ ಸಾವಿರ ಜನರನ್ನ ಹೊಡೆಯೋ ಗೇಮ್" ಅಂತಾರೆ. ಹಾಗೆ ಆಡಬಹುದು, ಈಸಿ ಮೋಡ್‌ನಲ್ಲಿ ಗೆಲ್ಲಲೂಬಹುದು. ಆದ್ರೆ ನನ್ನ ಪ್ರಕಾರ ಇದು ಹೊಡೆಯೋ ಗೇಮ್‌ಗಿಂತ ಹೆಚ್ಚಾಗಿ ಸರಿಯಾದ ಟೈಮಿಗೆ ಸರಿಯಾದ ಜಾಗ ತಲುಪೋ ಗೇಮ್, ನಾನು ಆಡೋದೂ ಹಾಗೇನೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಚೀನಾದಲ್ಲಿ ಹಾನ್ ವಂಶದ ಕೊನೆಗಾಲ, 184ರ ಹಳದಿ ರುಮಾಲಿನವರ ದಂಗೆಯಿಂದ ಶುರುವಾಗಿ, ವೇ, ಶು, ವು ಅಂತ ಮೂರು ರಾಜ್ಯ ಆಗಿ, ಕೊನೆಗೆ 280ರಲ್ಲಿ ಜಿನ್ ವಂಶ ಎಲ್ಲವನ್ನೂ ಒಂದು ಮಾಡೋವರೆಗಿನ ಕತೆ ಇದು. ಮೂರನೇ ಶತಮಾನದಲ್ಲೇ ಚೆನ್ ಶೌ ಅನ್ನೋರು ಈ ಕಾಲದ ಇತಿಹಾಸ ಬರೆದಿಟ್ರು, ಸಾವಿರ ವರ್ಷಕ್ಕೂ ಜಾಸ್ತಿ ಆದಮೇಲೆ, 14ನೇ ಶತಮಾನದ ಲುವೋ ಗ್ವಾನ್‌ಜೊಂಗ್ ಹೆಸರಲ್ಲಿ ಇದೇ ವಸ್ತು ದೊಡ್ಡ ಕಾದಂಬರಿಯಾಯ್ತು, ಗೇಮ್‌ಗೆ ಮುಖ್ಯ ಆಧಾರ ಆ ಕಾದಂಬರಿ. ಜಪಾನಿನ ಕೋಯೀ ಕಂಪನಿಯ ಒಮೆಗಾ ಫೋರ್ಸ್ ಟೀಮ್ ಮಾಡಿದ್ದು. 1997ರ ಮೊದಲ ಭಾಗ ಇಬ್ಬರು ಎದುರುಬದುರು ನಿಂತು ಹೊಡೆದಾಡೋ ಫೈಟಿಂಗ್ ಗೇಮ್ ಆಗಿತ್ತು, 2000ದಲ್ಲಿ ಪ್ಲೇಸ್ಟೇಷನ್ 2ಗೆ ಬಂದ ಎರಡನೇ ಭಾಗದಿಂದ ಈಗಿನ ರೂಪ ಬಂತು, ಅಂದ್ರೆ ದೊಡ್ಡ ರಣರಂಗ, ನೂರಾರು ಸೈನಿಕರು, ಮಧ್ಯದಲ್ಲಿ ನೀವು. ನಾನು ಅತಿ ಹೆಚ್ಚು ಆಡಿರೋದು 2013ರ 8ನೇ ಭಾಗ, ಅದರಲ್ಲೂ ಮುಂದಿನ ವರ್ಷ ಪಿಸಿಗೆ ಬಂದ ಎಕ್ಸ್‌ಟ್ರೀಮ್ ಲೆಜೆಂಡ್ಸ್ ಕಂಪ್ಲೀಟ್ ಎಡಿಷನ್. ಎಂಬತ್ತಕ್ಕೂ ಹೆಚ್ಚು ಕ್ಯಾರೆಕ್ಟರ್ ಇದಾರೆ. ಕೀಬೋರ್ಡಲ್ಲಿ ಆಡಕ್ಕೆ ಹೋಗ್ಬೇಡಿ, ಸಾಧಾರಣದ್ದಾದ್ರೂ ಸರಿ ಒಂದು ಕಂಟ್ರೋಲರ್ ತಗೊಳ್ಳಿ.

ಕೈಚಳಕದ ವಿಷಯ ಬೇಗ ಮುಗಿಸ್ತೀನಿ. ನಾರ್ಮಲ್ ಅಟ್ಯಾಕ್ ಕೆಲವು ಸಲ ಒತ್ತಿ ಆಮೇಲೆ ಸ್ಟ್ರಾಂಗ್ ಅಟ್ಯಾಕ್ ಒತ್ತಿದ್ರೆ ಒಂದು ಕಾಂಬೋ, ಎಷ್ಟನೇ ಏಟಿನ ನಂತರ ಸ್ಟ್ರಾಂಗ್ ಒತ್ತಿದ್ರಿ ಅನ್ನೋದರ ಮೇಲೆ ಅದರ ರೂಪ ಬದಲಾಗುತ್ತೆ. ಒಂದು ನಾರ್ಮಲ್ ಆದಮೇಲೆ ಒತ್ತಿದ್ರೆ ಬಹುತೇಕ ಆಯುಧಗಳಲ್ಲಿ ಎದುರಾಳಿ ಗಾಳಿಗೆ ಹಾರ್ತಾನೆ, ಮೂರು ಆದಮೇಲೆ ಒತ್ತಿದ್ರೆ ಸುತ್ತ ಇರೋರೆಲ್ಲ ಚೆಲ್ಲಾಪಿಲ್ಲಿ. ಸುತ್ತ ಗುಂಪು ಸೇರಿದಾಗ ನಾನು ಈ ಎರಡನೆಯದನ್ನೇ ಬಳಸೋದು, ಒಬ್ಬೊಬ್ಬ ಸೈನಿಕನ ಹಿಂದೆ ಓಡೋದರಲ್ಲಿ ಅರ್ಥ ಇಲ್ಲ. ಆಫೀಸರ್‌ಗಳ ಕತೆ ಬೇರೆ. 8ನೇ ಭಾಗದಲ್ಲಿ ಪ್ರತಿ ಆಯುಧಕ್ಕೂ ಸ್ವರ್ಗ, ಭೂಮಿ, ಮನುಷ್ಯ ಅಂತ ಮೂರರಲ್ಲಿ ಒಂದು ಗುಣ ಇರುತ್ತೆ, ಕಲ್ಲು ಕಾಗದ ಕತ್ತರಿ ಆಟದ ಥರ ಒಂದು ಇನ್ನೊಂದನ್ನ ಸೋಲಿಸುತ್ತೆ. ನಿಮ್ಮ ಹತ್ರ ಯಾವಾಗಲೂ ಎರಡು ಆಯುಧ ಇರುತ್ತೆ, ಆ ಎರಡರ ಗುಣ ಬೇರೆ ಬೇರೆ ಇರೋ ಹಾಗೆ ನೋಡ್ಕೊಳ್ಳಿ. ನಿಮ್ಮದು ಮೇಲುಗೈ ಇದ್ದಾಗ ಎದುರಾಳಿಯ ಗೇಜ್ ಕರಗಿ ಸ್ಟಾರ್ಮ್ ರಷ್ ಬರುತ್ತೆ, ಏಟಿನ ಮೇಲೆ ಏಟು. ನಿಮ್ಮದು ಕೆಳಗೈ ಇದ್ದಾಗ ಅವನು ಜೋರಾಗಿ ಬೀಸೋ ಕ್ಷಣದಲ್ಲಿ ಆಯುಧ ಬದಲಾಯಿಸಿದ್ರೆ ಅವನ ಏಟು ಅವನಿಗೇ ತಿರುಗಿ ಬೀಳುತ್ತೆ. ಹೈ ಡಿಫಿಕಲ್ಟಿಯಲ್ಲಿ ಬದುಕಿ ಉಳಿಯೋಕೆ ಈ ಎರಡನೇದೇ ಮುಖ್ಯ, ಒಂದು ಇಡೀ ಸಂಜೆ ಇದನ್ನೇ ಪ್ರಾಕ್ಟೀಸ್ ಮಾಡಿದ್ರೂ ನಷ್ಟ ಇಲ್ಲ. ಮತ್ತೆ ಮಡಕೆ, ಪೆಟ್ಟಿಗೆ ಒಡೆದ್ರೆ ಸಿಗೋ, ಲೈಫ್ ತುಂಬೋ ಮೀಟ್ ಬನ್ ಇದೆಯಲ್ಲ, ಅದನ್ನ ಫುಲ್ ಲೈಫ್ ಇರೋವಾಗ ವೇಸ್ಟ್ ಮಾಡ್ಬೇಡಿ, ಎಲ್ಲಿದೆ ಅಂತ ನೆನಪಿಟ್ಟುಕೊಂಡು ಮುಂದೆ ಹೋಗಿ.

ಈಗ ಚಾಂಗ್‌ಬಾನ್‌ಗೆ ಬರ್ತೀನಿ, ಈ ಗೇಮ್‌ನಲ್ಲಿ ನಾನು ಮತ್ತೆ ಮತ್ತೆ ಆಡೋ ಯುದ್ಧ. 208ನೇ ಇಸವಿ. ಉತ್ತರದಿಂದ ವೇ ಕಡೆಯ ನಾಯಕ ಸಾವೋ ಸಾವೋನ ಸೈನ್ಯ ಇಳಿದು ಬರ್ತಿದೆ, ಶು ಕಡೆಯ ನಾಯಕ ಲಿಯು ಬೇಯ್ ದಕ್ಷಿಣಕ್ಕೆ ಓಡ್ತಿದಾನೆ, ಆದ್ರೆ ಒಬ್ಬನೇ ಅಲ್ಲ, ಅವನನ್ನ ನಂಬಿದ ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಗಾಡಿ ಕಟ್ಕೊಂಡು ಹಿಂದೆ ಬಂದಿದಾರೆ. ಚೆನ್ ಶೌ ಬರೆದಿರೋ ಪ್ರಕಾರ ಆ ಗುಂಪು ದಿನಕ್ಕೆ ಸಾಗ್ತಿದ್ದಿದ್ದು 10 ಲಿ ಚಿಲ್ಲರೆ, ಅಂದ್ರೆ ಸುಮಾರು 4 ಕಿಲೋಮೀಟರ್, ಅಟ್ಟಿಸಿಕೊಂಡು ಬರ್ತಿದ್ದ ಸಾವೋ ಸಾವೋನ 5000 ಕುದುರೆ ಸವಾರರು ಒಂದು ಹಗಲು ಒಂದು ರಾತ್ರಿಯಲ್ಲಿ 300 ಲಿ ಬಂದ್ರು. ಜನರನ್ನ ಬಿಟ್ಟು ಮುಂದೆ ಹೋಗಿ ಅಂತ ಹತ್ತಿರದವರು ಹೇಳಿದ್ರೂ ಲಿಯು ಬೇಯ್ ಒಪ್ಪಲಿಲ್ಲ. ಈ ಲೆಕ್ಕ ಓದಿದ ಮೇಲೆ ನಾನು ಈ ಯುದ್ಧ ಆಡೋ ರೀತಿ ಪೂರ್ತಿ ಬದಲಾಯ್ತು, ಹಿಂದೆ ಬರೋ ಕೆಂಪು ಚುಕ್ಕೆಗಳ ವೇಗ ನೋಡಿದ್ರೆ ಈಗಲೂ ಮೈ ಜುಂ ಅನ್ನುತ್ತೆ.

ಇದನ್ನ ನಾನು ತಮ್ಮನ ಜೊತೆ ಸ್ಪ್ಲಿಟ್ ಸ್ಕ್ರೀನ್‌ನಲ್ಲಿ ಫ್ರೀ ಮೋಡ್‌ನಲ್ಲಿ (ಬೇಕಾದ ಯುದ್ಧ ಆರಿಸಿ ಆಡೋದು) ಆಡ್ತೀನಿ. ಅವನು ಜಾಂಗ್ ಫೇ, ನಾನು ಜಾವೋ ಯುನ್, ಇಬ್ಬರೂ ಲಿಯು ಬೇಯ್‌ನ ಸೇನಾನಿಗಳು. ಕೆಲಸ ಮೊದಲೇ ಹಂಚ್ಕೋತೀವಿ. ನಾನು ಲಿಯು ಬೇಯ್‌ನ ಪುಟ್ಟ ಮಗ ಲಿಯು ಶಾನ್‌ನ ಹುಡುಕ್ಕೊಂಡು ಹಿಂದಕ್ಕೆ, ಅಂದ್ರೆ ಶತ್ರುಗಳು ಬರ್ತಿರೋ ದಿಕ್ಕಿಗೇ ಹೋಗ್ಬೇಕು, ತಮ್ಮ ಜನರ ಜೊತೆ ಇದ್ದು ಆಮೇಲೆ ಸೇತುವೆ ಹಿಡೀಬೇಕು. "ಲೋ, ಯಾರ ಹಿಂದೇನೂ ಓಡ್ಬೇಡ, ಜನರನ್ನ ಬಿಟ್ಟು ಕದಲ್ಬೇಡ" ಅಂತ ನಾನು, "ಆಯ್ತು ಅಣ್ಣ, ನೀನ್ ಬೇಗ ಬಾ, ಇಲ್ಲಿ ತುಂಬಾ ಜನ ಮುತ್ಕೋತಿದಾರೆ" ಅಂತ ಅವನು. ಹೋಗೋ ದಾರಿಯಲ್ಲಿ ಸೈನಿಕರ ಗುಂಪು ಸಿಕ್ಕಿದ್ರೆ ಕುದುರೆ ಇಳಿಯಲ್ಲ, ಮಧ್ಯದಲ್ಲೇ ನುಗ್ಗಿಸ್ಕೊಂಡು ಹೋಗ್ತೀನಿ, ದಾರಿಗೆ ಅಡ್ಡ ಬಂದ ಆಫೀಸರ್‌ಗೆ ಮಾತ್ರ ಇಳಿಯೋದು. ಮುಸೌ (ವಿಶೇಷ ದಾಳಿ) ಗೇಜ್ ಹೋಗೋವಾಗ ಬಳಸಲ್ಲ, ವಾಪಸ್ ಬರೋ ದಾರಿ ಯಾವಾಗಲೂ ಹೆಚ್ಚು ಕಷ್ಟ, ಅಲ್ಲಿಗೆ ಉಳಿಸ್ಕೋತೀನಿ. ಇತಿಹಾಸದಲ್ಲೂ ಜಾವೋ ಯುನ್ ಆ ಮಗುವನ್ನ ಎತ್ಕೊಂಡು, ತಾಯಿ ಗಾನ್‌ನ ಕಾಪಾಡಿ ಕರ್ಕೊಂಡು ಬಂದ, ಜಾಂಗ್ ಫೇ ಬರೀ 20 ಸವಾರರ ಜೊತೆ ಸೇತುವೆ ಕಡಿದು ನದಿಯ ಈಚೆ ನಿಂತು ಬನ್ನಿ ನೋಡೋಣ ಅಂತ ಕೂಗಿದಾಗ ಯಾರೂ ಹತ್ರ ಬರಲಿಲ್ಲ. ತಮ್ಮ ಸೇತುವೆ ಮೇಲೆ ನಿಂತಿರೋವಾಗ ನಾನು ಮಗು ಜೊತೆ ದಾಟ್ಕೊಂಡು ಹೋಗೋ ಆ ಕ್ಷಣಕ್ಕೋಸ್ಕರಾನೇ ಇಡೀ ಯುದ್ಧ ಆಡಬಹುದು.

ಗ್ವಾಂಡು ಯುದ್ಧ ಬೇರೆ ಥರ. 200ನೇ ಇಸವಿ, ಸಾವೋ ಸಾವೋ ವಿರುದ್ಧ ಉತ್ತರದ ದೊಡ್ಡ ಸರದಾರ ಯುವಾನ್ ಶಾವೋ. ಯುವಾನ್ ಶಾವೋ ಹತ್ರ ಜನ ಜಾಸ್ತಿ, ಧಾನ್ಯ ಜಾಸ್ತಿ, ಎಲ್ಲಾ ಜಾಸ್ತಿ. ನೇರವಾಗಿ ಅವನ ಮುಖ್ಯ ಶಿಬಿರಕ್ಕೆ ನುಗ್ಗಿದ್ರೆ ಹಾರ್ಡ್ ಮೋಡ್‌ನಲ್ಲಿ ತುಂಬಾ ಒದ್ದಾಡ್ಬೇಕಾಗುತ್ತೆ. ದಾರಿ ಇರೋದು ವುಚಾವೋದಲ್ಲಿ, ಅವನ ಧಾನ್ಯದ ಗೋದಾಮು ಇದ್ದ ಜಾಗ. ನಿಜವಾಗ್ಲೂ ಆಗಿದ್ದು ಅದೇ, ಶು ಯೌ ಅನ್ನೋ ಸಲಹೆಗಾರ ಯುವಾನ್ ಶಾವೋನ ಬಿಟ್ಟು ಈ ಕಡೆ ಬಂದು ಗುಟ್ಟು ಹೇಳಿದ, ಸಾವೋ ಸಾವೋ ತಾನೇ 5000 ಜನರನ್ನ ಕರ್ಕೊಂಡು ರಾತ್ರೋರಾತ್ರಿ ಹೋಗಿ ಸುಟ್ಟು ಹಾಕಿದ. ಗೇಮ್‌ನಲ್ಲಿ ಗೋದಾಮಿಗೆ ಬೆಂಕಿ ಬಿದ್ದ ತಕ್ಷಣ ಎದುರಾಳಿ ಸೈನ್ಯದ ಉತ್ಸಾಹ ಕುಸಿಯುತ್ತೆ, ಅಲ್ಲಿಂದ ಮುಂದೆ ಅದೇ ಸೈನಿಕರು, ಆದ್ರೆ ಯುದ್ಧ ಬೇರೆ. ಚಿಬಿಯಲ್ಲೂ (ಕೆಂಪು ಬಂಡೆಗಳ ಯುದ್ಧ) ಲೆಕ್ಕಾಚಾರ ಇದೇ ಥರ, ವು ಕಡೆಯ ಸೇನಾನಿ ಹುವಾಂಗ್ ಗಾಯ್‌ನ ಬೆಂಕಿ ಹಡಗು ದಡ ಮುಟ್ಟೋವರೆಗೆ ಅವನಿಗೆ ಕಾವಲು ಇರಿ, ಹಡಗುಗಳು ಹತ್ತಿ ಉರಿಯೋವರೆಗೆ ಸಾವೋ ಸಾವೋನ ತಂಟೆಗೆ ಹೋಗ್ಬೇಡಿ.

8ನೇ ಭಾಗದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ "ಹೀಗಾಗಿದ್ರೆ" ದಾರಿಗಳು. ಇತಿಹಾಸದಲ್ಲಿ ಸತ್ತವರನ್ನ ಗೇಮ್‌ನಲ್ಲಿ ಉಳಿಸಿದ್ರೆ ಕತೆ ಕವಲೊಡೆಯುತ್ತೆ. 197ರಲ್ಲಿ ವಾನ್ ಕೋಟೆಯಲ್ಲಿ ಶರಣಾಗಿದ್ದ ಜಾಂಗ್ ಶಿಯು ತಿರುಗಿಬಿದ್ದಾಗ ಸಾವೋ ಸಾವೋ ತಪ್ಪಿಸ್ಕೊಂಡು ಹೋಗೋಕೆ ಅಂತ ಅಂಗರಕ್ಷಕ ಡಿಯಾನ್ ವೇ ಬಾಗಿಲಲ್ಲಿ ನಿಂತು ಹೋರಾಡಿ ಸತ್ತ, ಸಾವೋ ಸಾವೋನ ಹಿರಿಮಗ ಸಾವೋ ಆಂಗ್ ಕೂಡ ಅವತ್ತೇ ಹೋದ. ಸುಮ್ನೆ ಆಡ್ಕೊಂಡು ಹೋದ್ರೆ ಗೇಮ್‌ನಲ್ಲೂ ಡಿಯಾನ್ ವೇ ಸಾಯ್ತಾನೆ, ಸ್ಟೇಜ್ ಗೆಲ್ತೀರಿ, ಕತೆ ಮುಂದೆ ಹೋಗುತ್ತೆ. ಆದ್ರೆ ಷರತ್ತುಗಳ ಪ್ರಕಾರ ಟೈಮಿಗೆ ಸರಿಯಾಗಿ ಅವನ ಹತ್ರ ತಲುಪಿದ್ರೆ ಬದುಕ್ತಾನೆ, ಆಮೇಲಿನ ಎಷ್ಟೋ ಯುದ್ಧಗಳಲ್ಲಿ ಪಕ್ಕದಲ್ಲೇ ಇರ್ತಾನೆ. ಶು ಕಡೆಯ ಸೇನಾನಿ ಗ್ವಾನ್ ಯು ಕೂಡ ಹಾಗೇ, 219ರಲ್ಲಿ ಫಾನ್ ಕೋಟೆ ಮುತ್ತಿಗೆ ಹಾಕಿದ್ದಾಗ ವು ಕಡೆಯ ಲು ಮೆಂಗ್ ಹಿಂದಿನಿಂದ ಅವನ ಊರುಗಳನ್ನೇ ಹಿಡಿದ, ಅವನ ಕತೆ ಅಲ್ಲಿಗೆ ಮುಗೀತು. ಶು ದಾರಿಯಲ್ಲಿ ಹಿಂದಿನ ಯುದ್ಧಗಳ ಷರತ್ತುಗಳನ್ನೆಲ್ಲ ಪೂರೈಸಿಕೊಂಡು ಬಂದಿದ್ರೆ ಮಾತ್ರ ಅವನು ಉಳೀತಾನೆ. ನಾನು ಮಾಡೋ ಕ್ರಮ ಹೇಳ್ತೀನಿ, ಮೊದಲು ಇತಿಹಾಸದ ದಾರಿಯನ್ನೇ ಪೂರ್ತಿ ಆಡಿ ಮುಗಿಸ್ತೀನಿ, ಯಾರ್ಯಾರು ಎಲ್ಲೆಲ್ಲಿ ಹೋದ್ರು ಅಂತ ನೋಡಿ, ಆ ಸಾವು ಸರಿಯಾಗಿ ಮನಸ್ಸಿಗೆ ಇಳಿದ ಮೇಲೆ ಎರಡನೇ ಸುತ್ತಿನಲ್ಲಿ ಅವರನ್ನ ಉಳಿಸೋಕೆ ಹೋಗ್ತೀನಿ. ಮೊದಲೇ ಗೈಡ್ ನೋಡ್ಕೊಂಡು ಎಲ್ಲರನ್ನೂ ಉಳಿಸಿಬಿಟ್ರೆ ಅವರನ್ನ ಉಳಿಸಿದ ಬೆಲೆ ಗೊತ್ತಾಗಲ್ಲ.

2025ರ ಜನವರಿಯಲ್ಲಿ ಬಂದ ಇದೇ ಸೀರೀಸ್‌ನ ಒರಿಜಿನ್ಸ್ ಈ ಎಲ್ಲದರಿಂದ ಸ್ವಲ್ಪ ದೂರ. ಅಲ್ಲಿ ನೀವು ಹೆಸರಿಲ್ಲದ ಅಲೆಮಾರಿ ಒಬ್ಬನಾಗಿ ಆಡ್ತೀರಿ, ಕತೆ ಹಳದಿ ರುಮಾಲಿನವರಿಂದ ಚಿಬಿವರೆಗೆ ಮಾತ್ರ. ಸೈನ್ಯ ಮಾತ್ರ ಹಿಂದೆಂದೂ ನೋಡಿರದಷ್ಟು ದೊಡ್ಡದು. ಹುಲಾವೋ ಗೇಟ್‌ ಯುದ್ಧದಲ್ಲಿ ಎಲ್ಲರೂ ಹೆದರೋ ವೀರ ಲು ಬು ಬಂದಾಗ ಹಳೇ ಭಾಗಗಳಲ್ಲಿ "ಲು ಬು ಬೆನ್ನು ಹತ್ತಬೇಡಿ" ಅಂತ ಎಚ್ಚರಿಕೆ ಕೊಡ್ತಿದ್ರಲ್ಲ, ಅದಕ್ಕೆ ಎಷ್ಟು ತೂಕ ಇದೆ ಅಂತ ಒರಿಜಿನ್ಸ್‌ನಲ್ಲಿ ಗೊತ್ತಾಗುತ್ತೆ. ಅವನ ಮುಂದೆ ನಾನು ಹೊಡೆಯೋಕಿಂತ ಕಾಯೋದೇ ಜಾಸ್ತಿ. ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ಗಾರ್ಡ್ ಒತ್ತಿದ್ರೆ ಪ್ಯಾರಿ ಆಗಿ (ಅವನ ಏಟು ತಡೆದು) ಬ್ರೇವರಿ ಅನ್ನೋ ಶಕ್ತಿ ತುಂಬ್ಕೊಳ್ಳುತ್ತೆ, ಅದನ್ನ ಖರ್ಚು ಮಾಡಿ ಬ್ಯಾಟಲ್ ಆರ್ಟ್ಸ್ ಅನ್ನೋ ವಿಶೇಷ ಏಟುಗಳನ್ನ ಬಳಸ್ಬೇಕು, ಕೆಂಪಾಗಿ ಹೊಳೆದು ಬರೋ ಏಟನ್ನ ಮಾತ್ರ ಗಾರ್ಡ್ ಮಾಡಕ್ಕಾಗಲ್ಲ, ಪಕ್ಕಕ್ಕೆ ಜಿಗೀಬೇಕು. ಅಂದಹಾಗೆ ಹುಲಾವೋದಲ್ಲಿ ಲಿಯು ಬೇಯ್, ಗ್ವಾನ್ ಯು, ಜಾಂಗ್ ಫೇ ಮೂವರೂ ಸೇರಿ ಲು ಬು ಜೊತೆ ಕಾದಾಡಿದ್ದು ಕಾದಂಬರಿಯ ಸೃಷ್ಟಿ. ಇತಿಹಾಸದಲ್ಲಿ ಲು ಬು ಇದ್ದ ಕಡೆಯ ಸರ್ವಾಧಿಕಾರಿ ಡೊಂಗ್ ಜುವೋನ ಸೈನ್ಯವನ್ನ ಬಗ್ಗುಬಡಿದವನು ವು ಮನೆತನದ ಸುನ್ ಜಿಯಾನ್, ಕಾದಂಬರಿ ಗ್ವಾನ್ ಯು ಖಾತೆಗೆ ಹಾಕಿರೋ, ಡೊಂಗ್ ಜುವೋ ಕಡೆಯ ಹುವಾ ಶಿಯೊಂಗ್‌ನ ಸೋಲಿಸಿ ಕೊಂದಿದ್ದೂ ಸುನ್ ಜಿಯಾನ್ ಪಡೆಯೇ. ಸುನ್ ಜಿಯಾನ್‌ಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಹೊಸದಾಗಿ ಶುರು ಮಾಡೋರಿಗೆ 8ನೇ ಭಾಗದ ಹೇಫೇ ಯುದ್ಧವನ್ನ ಎರಡೂ ಕಡೆಯಿಂದ ಆಡಿ ಅಂತ ಹೇಳ್ತೀನಿ. 215ರಲ್ಲಿ ವು ಕಡೆಯ ಒಡೆಯ ಸುನ್ ಚ್ವಾನ್ ಲಕ್ಷ ಜನರ ಸೈನ್ಯ ತಂದಾಗ ವೇ ಕಡೆಯ ಕೋಟೆಯಲ್ಲಿ ಇದ್ದಿದ್ದು 7000 ಜನ. ವೇ ಸೇನಾನಿ ಜಾಂಗ್ ಲಿಯಾವೋ ರಾತ್ರಿ 800 ಜನರನ್ನ ಆರಿಸಿ, ಎತ್ತು ಕಡಿದು ಊಟ ಹಾಕಿಸಿ, ಬೆಳಗಾಗ್ತಿದ್ದ ಹಾಗೆ ಬಾಗಿಲು ತೆಗೆದು ತಾನೇ ಮುಂದಾಗಿ ಹೊರಗೆ ನುಗ್ಗಿದ, ಸುನ್ ಚ್ವಾನ್‌ನ ಬಾವುಟದ ಹತ್ತಿರದವರೆಗೂ ಹೋಗಿಬಿಟ್ಟ. ವೇ ಕಡೆಯಿಂದ ಆಡೋವಾಗ ಜಾಂಗ್ ಲಿಯಾವೋನೇ ಆಗಿ, ಪಕ್ಕದ ಬೇಸ್‌ಗಳ ಮೇಲೆ ಟೈಮ್ ಹಾಕ್ಬೇಡಿ, ಕುದುರೆ ಮೇಲೆ ನೇರವಾಗಿ ಸುನ್ ಚ್ವಾನ್ ಇರೋ ಕಡೆ ಹೋಗಿ, ಅಲ್ಲಿ ಎಲ್ಲಾ ಮುಸೌ ಖಾಲಿ ಮಾಡಿ. ಆಮೇಲೆ ವು ಕಡೆಯಿಂದ ಲಿಂಗ್ ತೊಂಗ್ ಆಗಿ ಆಡಿ. ಸೈನ್ಯ ವಾಪಸ್ ಹೊರಟಿದ್ದಾಗ ಜಾಂಗ್ ಲಿಯಾವೋ ಮತ್ತೆ ಬಿದ್ದಾಗ ತನ್ನ ಒಡೆಯನನ್ನ ದಾಟಿಸೋಕೆ ಹಿಂದೆ ನಿಂತು, ತನ್ನ ಜೊತೆಯವರನ್ನೆಲ್ಲ ಕಳ್ಕೊಂಡು, ಗಾಯಗೊಂಡು ಬಂದವನು ಇವನೇ, ಸುನ್ ಚ್ವಾನ್ ಮುರಿದ ಸೇತುವೆ ಮೇಲಿಂದ ಕುದುರೆ ಹಾರಿಸ್ಕೊಂಡು ಹೋಗಿದ್ದೂ ಆಗಲೇ. ಈ ಕಡೆಯಿಂದ ಆಡೋವಾಗ ಮ್ಯಾಪ್‌ನಲ್ಲಿ ಸುನ್ ಚ್ವಾನ್‌ನ ಚುಕ್ಕೆ ಬಿಟ್ಟು ಕಣ್ಣು ಕದಲಿಸ್ಬೇಡಿ, ಅವನಿಂದ ದೂರ ಹೋಗಿ ಯಾರನ್ನೂ ಹೊಡೀಬೇಡಿ, ಮೀಟ್ ಬನ್ ಎಲ್ಲಾ ಸೇತುವೆ ಕಡೆಗೆ ಉಳಿಸ್ಕೊಳ್ಳಿ, ಜಾಂಗ್ ಲಿಯಾವೋ ಬಂದಾಗ ಗೆಲ್ಲೋ ಯೋಚನೆ ಬಿಟ್ಟು ಸುಮ್ನೆ ಅವನನ್ನ ತಡೆದು ನಿಲ್ಲಿಸಿ.