ಮೂರು ಅಕ್ಷರಕ್ಕೆ ಸಿಕ್ಕಿಬಿದ್ದ ಸಕ್ಕರೆ ಕಾಯಿಲೆ: ಸರ್ಕಾರಿ ಕಚೇರಿಯಲ್ಲಿ ಜಾಲತಾಣ ಮುಚ್ಚಿದ ನನ್ನ ಅನುಭವ

2019ರ ಜೂನ್. ಕ್ರಿಕೆಟ್ ವಿಶ್ವಕಪ್ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಡೆಯುತ್ತಿತ್ತು, ಹೆಚ್ಚಿನ ಪಂದ್ಯಗಳು ನಮ್ಮಲ್ಲಿ ಮಧ್ಯಾಹ್ನ ಮೂರಕ್ಕೆ ಆರಂಭವಾಗುತ್ತಿದ್ದವು. ಅಂದರೆ ಸರಿಯಾಗಿ ಕಚೇರಿಯ ವೇಳೆಯಲ್ಲಿ. ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಕಟ್ಟಡದಲ್ಲಿ ನಾನು ಗುತ್ತಿಗೆ ಆಧಾರದ ನೆಟ್‌ವರ್ಕ್ ತಂತ್ರಜ್ಞ. ಒಂದು ದಿನ ಸಾಹೇಬರು ಕರೆದು, "ನೋಡಪ್ಪಾ, ಕಡತ ತೆರೆಯಲು ಐದು ನಿಮಿಷ ಬೇಕು, ಮ್ಯಾಚು ಮಾತ್ರ ನಿಲ್ಲದೆ ಓಡುತ್ತದೆ. ಎಲ್ಲ ಬಂದ್ ಮಾಡು" ಎಂದರು. ಬಾಯಿಮಾತಿನ ಆದೇಶ. ಅದನ್ನು ಕಾಗದದ ಮೇಲೆ ಕೇಳಬೇಕೆಂಬ ಬುದ್ಧಿ ಆಗ ನನಗಿರಲಿಲ್ಲ.

ಸರ್ಕಾರಿ ಕಚೇರಿಗಳನ್ನು ಜೋಡಿಸುವ ರಾಜ್ಯದ ಕೆಸ್ವಾನ್ ಜಾಲದ ತಂಟೆಗೆ ನಾನು ಹೋಗಲಿಲ್ಲ, ಅದು ನನ್ನ ಕೈಯಲ್ಲಿರುವುದೂ ಅಲ್ಲ. ನನ್ನ ಪಾಲಿಗಿದ್ದದ್ದು ಕಟ್ಟಡದ ಬ್ರಾಡ್‌ಬ್ಯಾಂಡ್ ಸಂಪರ್ಕ, ಅದಕ್ಕೆ ಜೋತುಬಿದ್ದ ನಲವತ್ತು ಚಿಲ್ಲರೆ ಗಣಕಯಂತ್ರಗಳು. ಮೂಲೆಗೆ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಹಾಕಿ, ಅದರ ಮೇಲೆ ಸ್ಕ್ವಿಡ್ ಎಂಬ ಉಚಿತ ಪ್ರಾಕ್ಸಿ ತಂತ್ರಾಂಶ ಕೂರಿಸಿದೆ. ಪ್ರಾಕ್ಸಿ ಎಂದರೆ ಒಳಗಿನ ಯಂತ್ರಗಳ ಪರವಾಗಿ ಹೊರಗಿನ ತಾಣಗಳನ್ನು ತಲುಪುವ ನಡುವಣ ಬಾಗಿಲು. ಎಲ್ಲ ಬ್ರೌಸರುಗಳಿಗೂ ಅದರ ವಿಳಾಸ, 3128ರ ಪೋರ್ಟು. ಪ್ರಾಕ್ಸಿಯನ್ನು ದಾಟದೆ ಯಾವ ಯಂತ್ರವೂ ಹೊರಗೆ ಹೋಗದಂತೆ ರೂಟರಿನಲ್ಲೊಂದು ನಿಯಮ. ಈ ಕೆಲಸಕ್ಕೆ ಒಂದು ಶನಿವಾರ ಸಾಕಾಯಿತು.

ತಡೆಪಟ್ಟಿ ಬರೆಯುವುದರಲ್ಲಿ ಎಡವಿದೆ. ಕ್ರಿಕೆಟ್ ಜೊತೆಗೆ ಜೂಜಿನ ತಾಣಗಳೂ ಹೋಗಲಿ ಎಂದು, ತಾಣದ ಹೆಸರಿನಲ್ಲಿ ಇಂಗ್ಲಿಷಿನ 'ಬೆಟ್' ಎಂಬ ಪದ ಎಲ್ಲೇ ಬಂದರೂ ತಡೆಯುವ ಒಂದು ಸಾಲು ಸೇರಿಸಿದೆ. ಮೂರನೆಯ ದಿನ ಆರೋಗ್ಯ ಶಾಖೆಯ ಮೇಡಂ ಬಂದು ನಿಂತರು. "ಏನಪ್ಪಾ, ಸಕ್ಕರೆ ಕಾಯಿಲೆಯ ಮಾಹಿತಿಯನ್ನೂ ಮುಚ್ಚಿಬಿಟ್ಟಿದ್ದೀಯಲ್ಲ?" ನಾನು ನಂಬಲಿಲ್ಲ. ಅವರ ಮೇಜಿಗೆ ಹೋಗಿ ನೋಡಿದರೆ ನಿಜ. ಡಯಾಬಿಟಿಸ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ, ಬಿ, ಇ, ಟಿ ಮೂರೂ ನಡುವೆ ಸಾಲಾಗಿ ಕುಳಿತಿವೆ. ಟಿಬೆಟ್ಟಿನದೂ ಅದೇ ಪಾಡು, ಆಲ್ಫಾಬೆಟ್ಟಿನದೂ ಅದೇ. ಬೆಟ್ಟದ ಹೆಸರಿಟ್ಟುಕೊಂಡ ತಾಣವಿದ್ದರೆ ಅದಕ್ಕೂ ಬೀಗ! ಅಂದಿನಿಂದ ಪದ ಹುಡುಕಿ ತಡೆಯುವುದನ್ನು ಬಿಟ್ಟೆ, ತಾಣದ ಪೂರ್ತಿ ಹೆಸರನ್ನೇ ಬರೆಯುತ್ತೇನೆ.

ಇನ್ನೊಂದು ಪೆಟ್ಟು ಬಿದ್ದದ್ದು ನನ್ನ ಜಂಬಕ್ಕೆ. "ಈ ತಾಣವನ್ನು ಕಚೇರಿಯ ವೇಳೆಯಲ್ಲಿ ನಿರ್ಬಂಧಿಸಲಾಗಿದೆ, ಅಗತ್ಯವಿದ್ದಲ್ಲಿ ಸಂಪರ್ಕಿಸಿ" ಎಂದು ನುಡಿ ತಂತ್ರಾಂಶದಲ್ಲಿ ಟೈಪಿಸಿ, ಯೂನಿಕೋಡಿಗೆ ಬದಲಿಸಿ, ಲಾಂಛನ ಅಂಟಿಸಿ ಚೆಂದದ ಪುಟವೊಂದನ್ನು ಮಾಡಿದ್ದೆ. ಅದನ್ನು ನೋಡಿದವರು ಬಹುಶಃ ನಾನೊಬ್ಬನೇ. ಈಗಿನ ತಾಣಗಳು ಬಹುತೇಕ ಸಂದೇಶವನ್ನು ಗುಟ್ಟಾಗಿ ಸುತ್ತಿ ಕಳಿಸುವ ಎಚ್‌ಟಿಟಿಪಿಎಸ್. ಬ್ರೌಸರು ಪ್ರಾಕ್ಸಿಗೆ ತಾಣದ ಹೆಸರನ್ನಷ್ಟೇ ಹೇಳುತ್ತದೆ, ಪ್ರಾಕ್ಸಿ ಒಲ್ಲೆ ಎಂದರೆ ಬ್ರೌಸರು ತನ್ನದೇ ಬೂದು ಪುಟ ತೋರಿಸಿ ಸಂಪರ್ಕ ಆಗಲಿಲ್ಲ ಎನ್ನುತ್ತದೆ. ಆದ್ದರಿಂದ ಮುಚ್ಚಿದ ಪ್ರತಿ ತಾಣಕ್ಕೂ ನನಗೊಂದು ಫೋನು: "ನೆಟ್ ಹೋಗಿದೆ, ಬೇಗ ಬಾ."

ಟಪಾಲು ಶಾಖೆಯವರಿಗೆ ನಾನು ವಿವರಿಸುತ್ತಿದ್ದದ್ದು ಹೀಗೆ: ಲಕೋಟೆಯ ಮೇಲಿನ ವಿಳಾಸ ನನಗೆ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಒಡೆದು ಓದುವ ವಿಧಾನವೂ ಇದೆ. ಎಲ್ಲ ಯಂತ್ರಗಳಲ್ಲಿ ನಂಬಬಹುದಾದದ್ದೆಂದು ನಮ್ಮದೇ ಡಿಜಿಟಲ್ ಪ್ರಮಾಣಪತ್ರ ಸೇರಿಸಿದರೆ ನಡುವೆ ಕುಳಿತು ಎಲ್ಲವನ್ನೂ ನೋಡಬಹುದು. ಹಾಗೆ ಮಾಡಲು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಅದೇ ಯಂತ್ರದಲ್ಲಿ ಜನ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತಾರೆ, ಸಂಬಳದ ವಿವರ ತೆರೆಯುತ್ತಾರೆ. ಅದೆಲ್ಲ ನನ್ನ ಹಳೆಯ ಡೆಸ್ಕ್‌ಟಾಪಿನ ಮೂಲಕ ಬಿಚ್ಚಿಕೊಂಡು ಹೋಗುವುದು ಕ್ರಿಕೆಟ್ಟಿಗಿಂತ ದೊಡ್ಡ ಅಪಾಯ.

ಜುಲೈ 9ರ ಸೆಮಿಫೈನಲ್ ಮಳೆಯಿಂದ ನಿಂತು ಮರುದಿನಕ್ಕೆ ಹೋಯಿತು. 10ರಂದು, ಬುಧವಾರ, ನಾನು ಪ್ರಾಕ್ಸಿಯ ಲಾಗ್, ಅಂದರೆ ಯಾವ ಯಂತ್ರ ಯಾವ ತಾಣ ಕೇಳಿತೆಂಬ ದಾಖಲೆಯ ಮುಂದೆ ಕುಳಿತಿದ್ದೆ. ಕ್ರಿಕೆಟ್ಟಿನ ಒಂದೇ ಒಂದು ವಿನಂತಿಯೂ ದಾಟಿರಲಿಲ್ಲ. ಆದರೂ ರೋಹಿತ್ ಔಟಾದಾಗ ಮಹಡಿಯ ಆ ತುದಿಯಿಂದ ಈ ತುದಿಯವರೆಗೆ "ಛೆ" ಎಂಬ ಸದ್ದು ಬಂತು. ಕೊಹ್ಲಿ ಹೋದಾಗ ಇನ್ನೊಮ್ಮೆ. ರಾಹುಲ್ ಹೋದಾಗ ಶಿರಸ್ತೇದಾರರ ಕೊಠಡಿಯಿಂದಲೂ ಬಂತು. ಮೂವರೂ ತಲಾ ಒಂದೊಂದು ರನ್ನಿಗೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ನಾನು ಯಾರಿಗೆ ಬೀಗ ಹಾಕಿದ್ದೆ? ಅದಕ್ಕಿಂತ ಕೆಟ್ಟದ್ದು, ಒಬ್ಬರು ಮೊಬೈಲಿನ ಹಾಟ್‌ಸ್ಪಾಟ್ ಅನ್ನು ಕಚೇರಿಯ ಯಂತ್ರಕ್ಕೇ ಕೊಟ್ಟುಕೊಂಡಿದ್ದರು. ಪ್ರಾಕ್ಸಿಯೂ ಇಲ್ಲ, ಲಾಗೂ ಇಲ್ಲ.

ಅದೇ ತಿಂಗಳು ಪ್ರಥಮ ದರ್ಜೆ ಸಹಾಯಕರೊಬ್ಬರು ಸಮಾಧಾನವಾಗಿಯೇ ಕೇಳಿದರು: "ಯಾವ ಆದೇಶದ ಮೇಲೆ ಮುಚ್ಚಿದ್ದೀರಿ? ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಏನು ಕೊಡುತ್ತೀರಿ?" ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ದೇಶಕ್ಕೆಲ್ಲ ಒಂದು ತಾಣವನ್ನು ಮುಚ್ಚಬೇಕಾದರೆ ಕೇಂದ್ರ ಸರ್ಕಾರವೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕಾರಣವನ್ನು ಬರೆದಿಡಬೇಕು. ನಮ್ಮದು ಅಷ್ಟು ದೊಡ್ಡದಲ್ಲ, ಕಚೇರಿಯ ಸ್ವಂತ ಸಂಪರ್ಕ. ಆದರೂ ಒಂದು ಹಾಳೆಯಾದರೂ ಇರಬೇಡವೇ? ಆ ಸಂಜೆಯೇ ಟಿಪ್ಪಣಿ ಬರೆದು ಕಡತ ಮಂಡಿಸಿದೆ. ಏನನ್ನು ಮುಚ್ಚಿದೆ, ಏಕೆ, ತೆರೆಸಿಕೊಳ್ಳಲು ಯಾರಿಗೆ ಅರ್ಜಿ ಕೊಡಬೇಕು ಎಂಬ ಒಂದು ಪುಟದ ಸುತ್ತೋಲೆ ಎರಡು ವಾರದಲ್ಲಿ ಸಹಿಯಾಗಿ ಬಂತು.

ಕಡತಕ್ಕೆ ಸಮರ್ಥನೆ ಬೇಕಲ್ಲ ಎಂದು ಆಗ ಮೊದಲ ಬಾರಿಗೆ ಲೆಕ್ಕ ತೆಗೆದೆ. ಈ ಕೆಲಸ ಮೊದಲೇ ಆಗಬೇಕಿತ್ತು. ಬೆಳಗಿನ ಹೊತ್ತು ಸಂಪರ್ಕವನ್ನು ನುಂಗುತ್ತಿದ್ದದ್ದು ಕ್ರಿಕೆಟ್ಟೂ ಅಲ್ಲ, ಫೇಸ್‌ಬುಕ್ಕೂ ಅಲ್ಲ. ಹತ್ತು ಗಂಟೆಗೆ ನಲವತ್ತು ಯಂತ್ರಗಳು ಒಟ್ಟಿಗೆ ಎದ್ದು, ತಮ್ಮ ತಮ್ಮ ಅಪ್‌ಡೇಟ್‌ಗಳನ್ನು ಬೇರೆಬೇರೆಯಾಗಿ ಇಳಿಸಿಕೊಳ್ಳುತ್ತಿದ್ದವು. ಜೊತೆಗೆ ಪ್ರಾಕ್ಸಿಯ ಹಂಗಿಲ್ಲದ ವೈಫೈ. ಅದರ ಪಾಸ್‌ವರ್ಡ್ ಚಾಲಕರಿಂದ ಹಿಡಿದು ಕ್ಯಾಂಟೀನಿನ ಹುಡುಗನವರೆಗೆ ಎಲ್ಲರಿಗೂ ಗೊತ್ತಿತ್ತು. ರೂಟರಿನ ಪಟ್ಟಿಯಲ್ಲಿ ಅತಿ ಹೆಚ್ಚು ಎಳೆಯುತ್ತಿದ್ದ ಫೋನು ತನ್ನ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿತ್ತು. ಅದು ಸಾಹೇಬರದು. ಕಡತದಲ್ಲಿ "ಮೊಬೈಲ್ ಸಾಧನಗಳು" ಎಂದಷ್ಟೇ ಬರೆದೆ.

ಅಪ್‌ಡೇಟ್‌ಗಳನ್ನು ಸಂಜೆಗೆ ತಳ್ಳಿದೆ, ವೈಫೈ ಪಾಸ್‌ವರ್ಡ್ ಬದಲಿಸಿದೆ. ಅಷ್ಟಕ್ಕೇ ಕಡತಗಳು ತೆರೆದುಕೊಳ್ಳತೊಡಗಿದವು. ವಿಡಿಯೋ ತಾಣಗಳನ್ನು ಮುಚ್ಚುವ ಬದಲು ಸ್ಕ್ವಿಡ್‌ನ ಡಿಲೇ ಪೂಲ್ ಎಂಬ ವೇಗಮಿತಿಯ ಸೌಲಭ್ಯ ಬಳಸಿ ಅವಕ್ಕೆಲ್ಲ ಸೇರಿ ಒಂದು ಸಣ್ಣ ಪಾಲು ಕೊಟ್ಟೆ. ನೋಡಬಹುದು, ಆದರೆ ಉಳಿದವರ ಅನ್ನ ಕಸಿಯುವಂತಿಲ್ಲ. ಸಾರ್ವಜನಿಕರ ಕೌಂಟರಿನ ನಾಲ್ಕು ಯಂತ್ರಗಳಿಗೆ ಮಾತ್ರ ತಿರುವುಮುರುವು ನಿಯಮ: ಬೇಕಾದ ಸರ್ಕಾರಿ ತಾಣಗಳಷ್ಟೇ ತೆರೆದಿವೆ, ಉಳಿದದ್ದೆಲ್ಲ ಬಂದ್. ಅಲ್ಲಿ ಯಾರೂ ತಕರಾರು ಮಾಡಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಬಳಿಕ ಲಾಗ್‌ಗಳನ್ನು 180 ದಿನ ಇಡುತ್ತಿದ್ದೇನೆ. ಅವನ್ನು ತೆರೆಯಲು ಮಾತ್ರ ಲಿಖಿತ ಅನುಮತಿ ಬೇಕು, ನನಗೂ.

ಈಗ ತಡೆಪಟ್ಟಿ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಜೂಜು, ಅಶ್ಲೀಲ ತಾಣಗಳು, ಕದ್ದ ತಂತ್ರಾಂಶ ಹಂಚುವವು, ತಡೆಯನ್ನು ತಪ್ಪಿಸಿ ಹೋಗಲು ದಾರಿ ಕೊಡುವ, ಆಗಾಗ ಹೆಸರು ಬದಲಿಸಿಕೊಂಡು ಬರುವ ಉಚಿತ ವಿಪಿಎನ್‌ಗಳು. ತೆರೆಸುವ ಅರ್ಜಿಗಳಿಗೆ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಮೊದಲ ನಮೂದು ಆರೋಗ್ಯ ಶಾಖೆಯ ಮೇಡಮ್ಮಿನದು, ಹಿಂದಿನ ತಾರೀಖು ಹಾಕಿ ಅವರೇ ಹಟ ಹಿಡಿದು ಬರೆಸಿದ್ದು.