ಪುಸ್ತಕ ಮುಚ್ಚಿ ಓದುವ ಕ್ರಮ

ಮುಂಬಯಿಯಲ್ಲಿ ಕಾಲೇಜು ಓದುತ್ತಿರುವ ನಮ್ಮಂಥವರಿಗೆ ಇರುವ ದೊಡ್ಡ ಕೊರತೆ ಸಮಯದ್ದು ಎಂದು ಎಲ್ಲರೂ ಹೇಳುತ್ತಾರೆ. ಡೊಂಬಿವಿಲಿಯಿಂದ ದಾದರಿಗೆ ಹೋಗಿ ಬರುವುದರಲ್ಲೇ ದಿನದ ಎರಡು ತಾಸು ಕಳೆಯುತ್ತದೆ, ಮನೆಯೆಂದರೆ ಒಂದು ರೂಮು, ಒಂದು ಕಿಚನ್, ಟಿ.ವಿ., ಕುಕ್ಕರು, ಬಂದ ನೆಂಟರು ಎಲ್ಲವೂ ಆ ಒಂದೇ ರೂಮಿನಲ್ಲಿ. ಈ ಮಾತು ಸುಳ್ಳಲ್ಲ. ಆದರೆ ಬಿ.ಕಾಂ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ, ಸುತ್ತಲಿನ ಸಹಪಾಠಿಗಳನ್ನು ನೋಡುತ್ತ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೆಂದರೆ, ಸಮಯದ ಕೊರತೆಗಿಂತಲೂ ಸಿಕ್ಕ ಸಮಯದಲ್ಲಿ ಓದುವ ರೀತಿಯಿಂದಲೇ ನಮಗೆ ಹೆಚ್ಚು ನಷ್ಟವಾಗುತ್ತಿದೆ. ಒಂದೇ ಅಧ್ಯಾಯವನ್ನು ನಾಲ್ಕು ಸಲ ಓದಿ, ಸಾಲುಗಳ ಮೇಲೆ ಹಳದಿ ಬಣ್ಣ ಎಳೆದು, ಇವತ್ತು ಚೆನ್ನಾಗಿ ಓದಿದೆ ಎಂಬ ಸಮಾಧಾನದಿಂದ ಮಲಗಿದವನಿಗೆ ಪರೀಕ್ಷೆಯ ಹಾಲಿನಲ್ಲಿ ‘ಇದು ಬಲಗಡೆಯ ಪುಟದಲ್ಲಿ ಕೆಳಗಿತ್ತು’ ಎಂಬಷ್ಟು ನೆನಪಾಗುತ್ತದೆಯೇ ಹೊರತು, ಬರೆಯಲು ಬೇಕಾದ ವಿಷಯ ಕೈಗೆ ಬರುವುದಿಲ್ಲ. ಆದ್ದರಿಂದ ಇಲ್ಲಿ ವಿವರಿಸುತ್ತಿರುವುದು ಒಂದೇ ಕ್ರಮ: ಪುಸ್ತಕ ತೆರೆದಿಡುವ ಹೊತ್ತನ್ನು ಕಡಿಮೆ ಮಾಡಿ, ಅದನ್ನು ಮುಚ್ಚಿಟ್ಟು ನೆನಪಿನಿಂದ ಹೊರತೆಗೆಯುವ ಹೊತ್ತನ್ನು ಹೆಚ್ಚಿಸುವುದು.

ಇದಕ್ಕೆ ಆಧಾರವಿದೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ನೋಡದೆ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಸುಮಾರು ಶೇ. 40, ನೋಡದೆ ಬರೆದವರಿಗೆ ಶೇ. 61. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ: ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಮತ್ತೆ ಮತ್ತೆ ಓದಿದವರಿಗೇ. ಓದುವಾಗ ಸಲೀಸಾಗಿ ಸಾಗಿದರೆ ಕಲಿತಿದ್ದೇವೆ ಎನ್ನಿಸುತ್ತದೆ. ಆ ಅನ್ನಿಸಿಕೆಯನ್ನು ನಂಬಬಾರದು.

ಕ್ರಮ ಹೀಗಿರಲಿ. ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಮುಗಿಯುವಷ್ಟು ಭಾಗವನ್ನು ಆರಿಸಿಕೊಂಡು, ಅದನ್ನು ಒಮ್ಮೆ ನಿಧಾನವಾಗಿ, ಕೈಯಲ್ಲಿ ಪೆನ್ನು ಹಿಡಿಯದೆ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ, ಹಿಂಬದಿ ಖಾಲಿಯಿರುವ ಯಾವುದಾದರೂ ಝೆರಾಕ್ಸ್ ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಬರೆಯಬೇಕು. ಮೊದಲೆರಡು ನಿಮಿಷ ಸುಲಭವಾಗಿ ಸಾಗಿ, ನಂತರ ಬರವಣಿಗೆ ನಿಂತುಬಿಡುತ್ತದೆ. ಅಲ್ಲಿ ಪುಸ್ತಕ ತೆರೆಯುವ ಆಸೆಯನ್ನು ತಡೆದುಕೊಂಡು ಇನ್ನೂ ಮೂರು ನಿಮಿಷ ತಡಕಾಡಬೇಕು. ಕಲಿಕೆ ನಡೆಯುವುದು ಹೆಚ್ಚಾಗಿ ಈ ತಡಕಾಟದಲ್ಲಿಯೇ. ಕೊನೆಗೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮತ್ತು ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ಅದೇ ಹಾಳೆಯ ಮೇಲೆ ಸೇರಿಸಬೇಕು. ಮರುದಿನ ಓದಬೇಕಾದದ್ದು ಆ ಕೆಂಪು ಭಾಗ ಮಾತ್ರ.

ಸವಕಳಿಯ (ಡಿಪ್ರಿಸಿಯೇಷನ್), ಅಂದರೆ ಯಂತ್ರ ಹಳತಾದಂತೆ ಲೆಕ್ಕದಲ್ಲಿ ಅದರ ಬೆಲೆಯನ್ನು ಇಳಿಸುತ್ತ ಹೋಗುವ, ಪಾಠವನ್ನೇ ತೆಗೆದುಕೊಳ್ಳೋಣ. ಒಂದು ಲಕ್ಷ ರೂಪಾಯಿಯ ಯಂತ್ರ, ದರ ಶೇ. 10. ಸ್ಟ್ರೇಟ್ ಲೈನ್ ವಿಧಾನದಲ್ಲಿ ಕೊಂಡ ಬೆಲೆಯ ಮೇಲೆ ಪ್ರತಿವರ್ಷ 10,000 ರೂಪಾಯಿ ಕಳೆಯುತ್ತದೆ; ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ಉಳಿದ ಬೆಲೆಯ ಮೇಲೆ ಕಳೆಯುವುದರಿಂದ ಮೊದಲ ವರ್ಷ 10,000, ಎರಡನೆಯ ವರ್ಷ 9,000, ಮೂರನೆಯ ವರ್ಷ 8,100. ನೋಡದೆ ಬರೆಯುವಾಗ ಇಷ್ಟು ಯಾರಿಗೂ ಬರುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಯಂತ್ರವನ್ನು ಅಕ್ಟೋಬರ್ 1ರಂದು ಕೊಂಡಿದ್ದರೆ, ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಮೊದಲ ವರ್ಷಕ್ಕೆ ಆರು ತಿಂಗಳ ಸವಕಳಿ, ಅಂದರೆ 5,000 ರೂಪಾಯಿ ಮಾತ್ರ, ಎಂಬ ಅಂಶ. ಹತ್ತು ಸಲ ಓದಿದರೂ ಕಣ್ಣು ಈ ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಒಮ್ಮೆ ಬಿಟ್ಟುಹೋಗಿ, ಕೆಂಪು ಅಕ್ಷರದಲ್ಲಿ ಕಾಣಿಸಿಕೊಂಡರೆ ಮರೆಯುವುದಿಲ್ಲ.

ಈಗ ರೈಲಿನ ವಿಷಯ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಿಲಿಯಿಂದ ಹತ್ತಿದವನಿಗೆ ಕೈ ಎತ್ತಲೂ ಜಾಗವಿರುವುದಿಲ್ಲ. ಪುಸ್ತಕ ಬಿಡಿಸುವ ಮಾತು ದೂರವೇ ಉಳಿಯಿತು. ಹಾಗಾಗಿ ಆ ಹೊತ್ತು ಹಾಳಾಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ನೆನಪಿನಿಂದ ತೆಗೆಯುವ ಕೆಲಸಕ್ಕೆ ಪುಸ್ತಕವೇ ಬೇಡವಾದ್ದರಿಂದ, ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಿಂದಿನ ರಾತ್ರಿ ಅಂಗೈ ಅಗಲದ ಚೀಟಿಯ ಮೇಲೆ ಮೂರು ಪ್ರಶ್ನೆಗಳನ್ನು ಮಾತ್ರ ಬರೆದು, ಉತ್ತರ ಬರೆಯದೆ, ಅಂಗಿಯ ಜೇಬಿನಲ್ಲಿಟ್ಟುಕೊಳ್ಳಬೇಕು. ಪ್ಲಾಟ್‌ಫಾರ್ಮಿನಲ್ಲೇ ಚೀಟಿ ನೋಡಿ, ಠಾಣೆ ಬರುವವರೆಗೆ ಮೊದಲ ಪ್ರಶ್ನೆ, ಘಾಟ್ಕೋಪರ್‌ವರೆಗೆ ಎರಡನೆಯದು, ದಾದರ್‌ವರೆಗೆ ಮೂರನೆಯದು ಎಂದು ಹಂಚಿಕೊಂಡರೆ, ಗಡಿಯಾರ ನೋಡುವ ಅಗತ್ಯವೂ ಬೀಳುವುದಿಲ್ಲ. ಮನಸ್ಸಿನಲ್ಲೇ ಪೂರ್ಣ ವಾಕ್ಯಗಳಲ್ಲಿ, ಪರೀಕ್ಷೆಯಲ್ಲಿ ಬರೆಯುವ ಹಾಗೆಯೇ ಉತ್ತರ ಕಟ್ಟಬೇಕು. ‘ಹಾ, ಅದು ಗೊತ್ತಿದೆ’ ಎಂದು ದಾಟಿಸಬಾರದು. ಎಲ್ಲಿ ತೊಡಕಾಯಿತೋ ಅದನ್ನು ಕಾಲೇಜು ತಲುಪಿದ ಕೂಡಲೇ, ಮೊದಲ ಲೆಕ್ಚರಿಗೆ ಮುಂಚೆ ತೆಗೆದು ನೋಡಬೇಕು.

ಒಂದೇ ವಿಷಯಕ್ಕೆ ಎಷ್ಟು ದಿನ ಬಿಟ್ಟು ಮರಳಬೇಕು ಎಂಬುದೂ ಮುಖ್ಯ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ಪರೀಕ್ಷಿಸಿಕೊಂಡು, ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆಂದು 1885ರಲ್ಲೇ ತೋರಿಸಿದ್ದ. ಹಾಗಾಗಿ ಮೊದಲ ಮರುಭೇಟಿ ಮರುದಿನವೇ ಆಗಬೇಕು, ಎರಡನೆಯದು ನಾಲ್ಕೈದು ದಿನಕ್ಕೆ, ಮೂರನೆಯದು ಎರಡು ವಾರಕ್ಕೆ ಬಂದರೆ ಸಾಕು. ಸೆಮಿಸ್ಟರ್ ಪರೀಕ್ಷೆ ದೂರವಿದ್ದಷ್ಟೂ ಅಂತರವನ್ನು ಹಿಗ್ಗಿಸಬಹುದು. ಇದನ್ನು ನೆನಪಿಟ್ಟುಕೊಳ್ಳುವ ತಲೆನೋವು ಬೇಡವೆಂದರೆ, ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ, ಪ್ರಶ್ನೆಯ ಚೀಟಿಗಳನ್ನು ಪೆಟ್ಟಿಗೆಯ ಖಾನೆಗಳಲ್ಲಿ ಹಂಚಿಡುವ ವಿಧಾನವನ್ನು ಬಳಸಬಹುದು. ನಮ್ಮ ಮನೆಗಳಲ್ಲಿ ಪೆಟ್ಟಿಗೆಗೂ ಜಾಗವಿಲ್ಲವಾದ್ದರಿಂದ, ಆ ಪ್ರಶ್ನೆಯ ಚೀಟಿಗಳನ್ನೇ ರಬ್ಬರ್ ಬ್ಯಾಂಡ್ ಹಾಕಿ ಮೂರು ಕಟ್ಟುಗಳಾಗಿ ಮಾಡಿದರಾಯಿತು: ದಿನವೂ ನೋಡುವುದು, ವಾರಕ್ಕೆರಡು ಸಲ ನೋಡುವುದು, ಹದಿನೈದು ದಿನಕ್ಕೊಮ್ಮೆ ನೋಡುವುದು. ಸರಿಯಾಗಿ ಉತ್ತರಿಸಿದ ಚೀಟಿ ಮುಂದಿನ ಕಟ್ಟಿಗೆ ಹೋಗುತ್ತದೆ. ತಪ್ಪಿದರೆ, ಎಲ್ಲಿದ್ದರೂ ಮೊದಲ ಕಟ್ಟಿಗೆ ಮರಳುತ್ತದೆ.

ಇಷ್ಟರಿಂದ ನೆನಪು ಗಟ್ಟಿಯಾಗುತ್ತದೆ. ಅರ್ಥವಾಗಿದೆಯೇ ಎಂದು ತಿಳಿಯಲು ಇನ್ನೊಬ್ಬರಿಗೆ ಹೇಳಬೇಕು, ಅದೂ ಆ ವಿಷಯ ಓದದವರಿಗೆ. ಇಲ್ಲಿ ಮುಂಬಯಿ ಕನ್ನಡಿಗರ ಮಕ್ಕಳಿಗೆ ಒಂದು ಅನುಕೂಲವಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ಪಾಠ ಇಂಗ್ಲಿಷಿನಲ್ಲಿ, ಗೆಳೆಯರ ಮಾತು ಹಿಂದಿ ಮರಾಠಿಗಳಲ್ಲಿ, ಮನೆಯ ಮಾತು ಕನ್ನಡದಲ್ಲಿ. ಇಂಗ್ಲಿಷಿನ ವಾಕ್ಯವನ್ನು ಅರ್ಥವಾಗದೆಯೂ ಒಪ್ಪಿಸಿಬಿಡಬಹುದು; ಅದೇ ವಿಷಯವನ್ನು ಕನ್ನಡದಲ್ಲಿ ಅಪ್ಪನಿಗೋ ಅಮ್ಮನಿಗೋ ಹೇಳಲು ಹೊರಟರೆ, ಬಾಯಿಪಾಠದ ಆಸರೆ ತಪ್ಪಿ, ತಿಳಿದಿರುವುದಷ್ಟೇ ಉಳಿಯುತ್ತದೆ. ನಮ್ಮ ಅಪ್ಪ ಉಡುಪಿ ಹೊಟೇಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಹಗಲು ದುಡಿದು, ಇಲ್ಲಿನ ಕನ್ನಡ ರಾತ್ರಿಶಾಲೆಯಲ್ಲಿ ಎಸ್.ಎಸ್.ಸಿ.ವರೆಗೆ (ಹತ್ತನೆಯ ತರಗತಿ) ಓದಿದವರು. ಸವಕಳಿಯನ್ನು ಅವರಿಗೆ ವಿವರಿಸಿ, ಸ್ಟ್ರೇಟ್ ಲೈನ್ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಯಂತ್ರದ ಬೆಲೆ ಸೊನ್ನೆಯಾಗುತ್ತದೆ ಎಂದಾಗ ಅವರು ಕೇಳಿದ್ದು ಇದು: “ಹಾಗಾದ್ರೆ ಹತ್ತು ವರ್ಷ ಕಳೆದ ಗ್ರೈಂಡರಿಗೆ ಬೆಲೆಯೇ ಇಲ್ಲ ಅಂತ ನಿನ್ನ ಪುಸ್ತಕ ಹೇಳ್ತದಾ? ನಮ್ಮದು ಇನ್ನೂ ಓಡ್ತಾ ಉಂಟಲ್ಲ ಮಾರಾಯ!”

ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಸೂತ್ರ ಸಾಲದು. ಲೆಕ್ಕದ ಪುಸ್ತಕದಲ್ಲಿ ತೋರಿಸುವ ಬೆಲೆ ಬೇರೆ, ಪೇಟೆಯಲ್ಲಿ ಸಿಗುವ ಬೆಲೆ ಬೇರೆ, ಯಂತ್ರ ಮಾಡುವ ಕೆಲಸ ಬೇರೆ; ಸವಕಳಿಯೆಂಬುದು ಕೊಂಡ ಖರ್ಚನ್ನು ಅದು ದುಡಿದ ವರ್ಷಗಳಿಗೆ ಹಂಚುವ ಲೆಕ್ಕ ಎಂಬುದು ಮನಸ್ಸಿಗೆ ಬರಬೇಕು. ರಿಟನ್ ಡೌನ್ ವಿಧಾನದಲ್ಲಿ ಅದೇ ಯಂತ್ರಕ್ಕೆ ಹತ್ತು ವರ್ಷದ ನಂತರವೂ 34,868 ರೂಪಾಯಿ ಉಳಿದಿರುತ್ತದೆ, ಅದು ಎಂದೂ ಸೊನ್ನೆ ಮುಟ್ಟುವುದಿಲ್ಲ ಎಂಬುದೂ ಆಗಲೇ ಅರ್ಥಪೂರ್ಣವಾಗುತ್ತದೆ. ಮನೆಯಲ್ಲಿ ಕೇಳುವವರಿದ್ದರೆ ವಾರಕ್ಕೊಂದು ವಿಷಯವನ್ನಾದರೂ ಹೀಗೆ ಹೇಳಿ, ಅವರ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು. ಎಸ್.ಎಸ್.ಸಿ. ಓದಿದವರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂಬ ಧೋರಣೆ ಸಲ್ಲದು.

ಮನೋಭಾವದ ಬಗ್ಗೆ ಈಗ ಹೇಳಬಹುದು. ಈ ಕ್ರಮವನ್ನು ಆರಂಭಿಸಿದ ಅನೇಕರು ಮೊದಲ ವಾರದಲ್ಲೇ ಬಿಡುತ್ತಾರೆ, ಏಕೆಂದರೆ ಖಾಲಿ ಹಾಳೆ ಎದುರಿಗಿದ್ದಾಗ ಏನೂ ಬರದಿದ್ದರೆ ‘ನನ್ನ ತಲೆಗೆ ಇದು ಹತ್ತುವುದಲ್ಲ’ ಎನ್ನಿಸುತ್ತದೆ. ಎ.ಟಿ.ಕೆ.ಟಿ. ಬಿದ್ದವರಲ್ಲಿ, ಅಂದರೆ ಕೆಲವು ವಿಷಯಗಳಲ್ಲಿ ಫೇಲಾಗಿಯೂ ಮುಂದಿನ ತರಗತಿಗೆ ಹೋದವರಲ್ಲಿ, ಈ ಮಾತು ಇನ್ನೂ ಬೇಗ ಬರುತ್ತದೆ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಮಕ್ಕಳು ಕಠಿಣ ಸಮಸ್ಯೆಗಳು ಎದುರಾದ ಮೇಲೆ ಹಿಂದೆ ಬಿದ್ದರು. ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಹೊಗಳಿಸಿಕೊಂಡವರು ಪಟ್ಟುಬಿಡದೆ ಮುಂದುವರಿದರು. ಆದರೆ ‘ನನ್ನಿಂದ ಆಗುತ್ತದೆ’ ಎಂದು ದಿನವೂ ಹೇಳಿಕೊಂಡರೆ ಸಾಕೆಂದು ಇದರಿಂದ ತಿಳಿಯಬಾರದು. ಅಮೆರಿಕದ ಒಂಬತ್ತನೆಯ ತರಗತಿಯ ಮಕ್ಕಳ ಮೇಲೆ ದೇಶವ್ಯಾಪಿಯಾಗಿ ನಡೆಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂದಾಗ, ಇಂಥ ಮನೋಭಾವದ ಪಾಠದಿಂದ ಕಡಿಮೆ ಅಂಕದವರಿಗೆ ಲಾಭವಾದದ್ದು ನಿಜವಾದರೂ ಅದು ಸಣ್ಣ ಪ್ರಮಾಣದ್ದಾಗಿತ್ತು. ನಂಬಿಕೆಗೆ ವಿಧಾನ ಜೊತೆಯಾಗಬೇಕು. ಹಾಳೆ ಖಾಲಿ ಉಳಿದ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ನಾನು ದಡ್ಡನೇ?’ ಎಂಬುದಲ್ಲ, ‘ಯಾವ ಮೆಟ್ಟಿಲಿನಲ್ಲಿ ಬಿಟ್ಟುಹೋಯಿತು?’ ಎಂಬುದು. ಎರಡನೆಯ ಪ್ರಶ್ನೆಗೆ ಆ ಸಂಜೆಯೇ ಉತ್ತರ ಸಿಗುತ್ತದೆ.

ಲೆಕ್ಕಗಳನ್ನು ಬಿಡಿಸುವಾಗ ಒಂದೇ ಬಗೆಯ ಹತ್ತನ್ನು ಸಾಲಾಗಿ ಬಿಡಿಸದೆ, ಸವಕಳಿ, ಹೈರ್ ಪರ್ಚೇಸ್ (ಕಂತಿನ ಖರೀದಿ), ಪಾಲುದಾರಿಕೆ ಇವುಗಳನ್ನು ಕಲಸಿ ಬಿಡಿಸಬೇಕು. ಅಭ್ಯಾಸದ ದಿನ ಹೆಚ್ಚು ತಪ್ಪಾಗುತ್ತದೆ; ಆದರೆ ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಗುರುತಿಸುವುದು ಅಭ್ಯಾಸವಾಗುತ್ತದೆ, ಪ್ರಶ್ನೆಪತ್ರಿಕೆ ಕೇಳುವುದೂ ಅದನ್ನೇ. ಮೊಬೈಲು ಇನ್ನೊಂದು ರೂಮಿನಲ್ಲಿರಲಿ, ಇನ್ನೊಂದು ರೂಮಿಲ್ಲದಿದ್ದರೆ ಅಮ್ಮನ ಕೈಯಲ್ಲಿರಲಿ. ನಿದ್ದೆಗೆಟ್ಟು ಓದುವುದರಿಂದ ಓದಿದ್ದೂ ಉಳಿಯುವುದಿಲ್ಲ. ಮನೆಯಲ್ಲಿ ಕೂರಲು ಸಾಧ್ಯವಾಗದವರು ತಮ್ಮ ವಾರ್ಡಿನ ಅಭ್ಯಾಸಿಕೆಯನ್ನು (ಕೂತು ಓದಲು ಇರುವ ಸಾರ್ವಜನಿಕ ಕೋಣೆ) ವಿಚಾರಿಸಬೇಕು.

ಕೊನೆಯದಾಗಿ, ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಅಂಕ ನೋಡಿ ಮಡಚಿಡುವುದು ದೊಡ್ಡ ನಷ್ಟ. ಕಳೆದುಕೊಂಡ ಒಂದೊಂದು ಅಂಕದ ಪಕ್ಕದಲ್ಲೂ ಅದು ಹೋದ ಕಾರಣವನ್ನು ಬರೆಯಬೇಕು. ವಿಷಯವೇ ಗೊತ್ತಿರಲಿಲ್ಲವೆಂದಾದರೆ ಪುಸ್ತಕಕ್ಕೆ ಮರಳಬೇಕು. ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲವೆಂದಾದರೆ ಅದಕ್ಕೊಂದು ಚೀಟಿ ಮಾಡಿ ದಿನವೂ ನೋಡುವ ಕಟ್ಟಿಗೆ ಸೇರಿಸಬೇಕು. ಮತ್ತೆ ಓದುವುದರಿಂದ ಇದು ಸರಿಯಾಗದು. ನೆನಪಿದ್ದೂ ಸಮಯ ಸಾಲದೆ ಅಥವಾ ಪ್ರಶ್ನೆಯನ್ನು ಅವಸರದಲ್ಲಿ ಓದಿ ಹೋಗಿದ್ದರೆ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತಂದು, ಗಡಿಯಾರ ಎದುರಿಗಿಟ್ಟುಕೊಂಡು, ಪ್ರತಿ ಪ್ರಶ್ನೆಯಲ್ಲಿ ಏನನ್ನು ಕೇಳಿದ್ದಾರೆ ಎಂಬುದಕ್ಕೆ ಮೊದಲು ಅಡಿಗೆರೆ ಎಳೆದು, ನಂತರವೇ ಬರೆಯಲು ಆರಂಭಿಸುವ ರೂಢಿಯನ್ನು ಪರೀಕ್ಷೆಗೆ ಒಂದು ತಿಂಗಳು ಮುಂಚಿನಿಂದ ಮಾಡಿಕೊಳ್ಳಬೇಕು.